ಆ ದಡದಲ್ಲಿ ಇಳಿಸಿಕೊಳ್ಳುವವರು ಯಾರು? ಮನೆ ಸಾಮಾನು ಹಡಗು ಹತ್ತಿಸುವ ಮುಂಚೆ

ಮನೆ ಸಾಮಾನನ್ನೆಲ್ಲ ಕಟ್ಟಿಸಿಕೊಂಡು ನಾನು ಸಮುದ್ರ ದಾಟಿದ್ದು ಮೂರು ಸಲ. ಮೊದಲ ಸಲ ಆರು ಕಡೆಯಿಂದ ಕೊಟೇಶನ್ ತರಿಸಿ, ಎಲ್ಲಕ್ಕಿಂತ ಕಡಿಮೆ ಮೊತ್ತ ಹೇಳಿದವರಿಗೆ ಹೂಂ ಅಂದು, ಜಾಣೆ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡಿದ್ದೆ. ಹನ್ನೊಂದು ವಾರ ಕಳೆದ ಮೇಲೆ, ಖಾಲಿ ಮನೆಯಲ್ಲಿ ನೆಲದ ಮೇಲೆ ಕೂತು ಉಣ್ಣುತ್ತಿದ್ದಾಗ ಫೋನ್ ಬಂತು. ಹೆಸರೇ ಕೇಳಿರದ ಒಂದು ಕಂಪನಿ. "ನಿಮ್ಮ ಸಾಮಾನು ನಮ್ಮ ಗೋದಾಮಿನಲ್ಲಿದೆ. ಕಳಿಸಿದವರು ಇಲ್ಲಿನ ಖರ್ಚು ನಮಗೆ ಕಟ್ಟಿಲ್ಲ. ಕಟ್ಟುವ ತನಕ ಬಿಡುವುದಿಲ್ಲ. ಗೋದಾಮಿನ ಬಾಡಿಗೆ ದಿನದ ಲೆಕ್ಕದಲ್ಲಿ ಏರುತ್ತಿದೆ." ನಾವು ದುಡ್ಡು ಕೊಟ್ಟಿದ್ದ ಕಂಪನಿಗೆ ಫೋನ್ ಮಾಡಿದರೆ ರಿಂಗಾಗುತ್ತಿತ್ತು, ಎತ್ತುವವರಿರಲಿಲ್ಲ. ಕೊನೆಗೆ ಎರಡನೇ ಸಲ ದುಡ್ಡು ಕಟ್ಟಿ ಬಿಡಿಸಿಕೊಂಡೆವು. ಕೂಡಿಸಿ ನೋಡಿದರೆ, ಆರರಲ್ಲಿ ಅತಿ ದುಬಾರಿ ಎಂದು ಬದಿಗಿಟ್ಟಿದ್ದ ಕೊಟೇಶನ್ನನ್ನೂ ಮೀರಿತ್ತು. ಮೂಗಿಗಿಂತ ಮೂಗುತಿ ಭಾರ.

ಆಮೇಲಿನ ಎರಡು ಸಲವೂ ಒಂದು ನಿಯಮ ಇಟ್ಟುಕೊಂಡೆ: ಆ ದಡದಲ್ಲಿ ಸಾಮಾನು ಇಳಿಸಿಕೊಳ್ಳುವವರು ಯಾರೆಂದು ತಿಳಿಯುವ ತನಕ ಈ ದಡದಲ್ಲಿ ಯಾರಿಗೂ ಮುಂಗಡ ಕೊಡುವುದಿಲ್ಲ.

ಏಕೆಂದರೆ ನಾವು ಶಿಪ್ಪಿಂಗ್ ಕಂಪನಿ ಎಂದು ಕರೆಯುವುದು ಒಬ್ಬರನ್ನಲ್ಲ, ನಾಲ್ವರನ್ನು. ಮನೆಗೆ ಬಂದು ಪ್ಯಾಕ್ ಮಾಡುವ ಮೂವರ್ಸ್ ಒಬ್ಬರು. ಹಲವರ ಸಾಮಾನು ಸೇರಿಸಿ ಒಂದು ಕಂಟೇನರ್ ತುಂಬಿಸುವ ಫಾರ್ವರ್ಡರ್ ಇನ್ನೊಬ್ಬರು. ಹಡಗು ಓಡಿಸುವ ಮೇರ್ಸ್ಕ್, ಎಂಎಸ್‌ಸಿ ಥರದ ಲೈನ್ ಮೂರನೆಯದು. ತಲುಪಿದ ಬಂದರಿನಲ್ಲಿ ಕಸ್ಟಮ್ಸ್ ಬಿಡಿಸಿ ಮನೆಗೆ ತರುವ ಏಜೆಂಟ್ ನಾಲ್ಕನೆಯವರು. ನಿಮ್ಮ ದುಡ್ಡು ಕೈಯಿಂದ ಕೈಗೆ ದಾಟುತ್ತಾ ಹೋಗಬೇಕು. ನಡುವೆ ಒಬ್ಬರು ಮುಂದಿನವರಿಗೆ ಕೊಡದಿದ್ದರೆ ಒತ್ತೆ ಬೀಳುವುದು ನಿಮ್ಮ ಮಂಚ, ನಿಮ್ಮ ಪಾತ್ರೆ. ದೊಡ್ಡವರಲ್ಲೂ ಹೀಗಾಗುತ್ತದೆ. 2016ರ ಆಗಸ್ಟ್ ಕೊನೆಯಲ್ಲಿ ದಕ್ಷಿಣ ಕೊರಿಯಾದ ಹಂಜಿನ್ ಲೈನ್ ಕೈಯೆತ್ತಿತು. ತಮ್ಮ ಶುಲ್ಕ ಮುಳುಗೀತು ಎಂಬ ಭಯಕ್ಕೆ ಹಲವು ಬಂದರುಗಳು ಅದರ ಹಡಗುಗಳನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ. ಅವುಗಳಲ್ಲಿ ಸರಕಿದ್ದ ಎಷ್ಟೋ ಮಂದಿ ತಮ್ಮ ಪಾಲಿನ ಬಾಡಿಗೆ ಯಾವತ್ತೋ ಕಟ್ಟಿದ್ದರು, ಸರಕು ಮಾತ್ರ ಸಮುದ್ರದಲ್ಲೇ ನಿಂತಿತ್ತು.

ಮೊದಲು ಅಳತೆ

ಹಡಗಿನಲ್ಲಿ ಮನೆ ಸಾಮಾನಿಗೆ ದರ ಬೀಳುವುದು ಜಾಗದ ಲೆಕ್ಕದಲ್ಲಿ. ವ್ಯವಹಾರದವರು ಸಿಬಿಎಂ ಅನ್ನುತ್ತಾರೆ, ಅಂದರೆ ಘನ ಮೀಟರ್. ಒಂದಕ್ಕೆ ಸುಮಾರು 35 ಘನ ಅಡಿ. ಹಾಗಾಗಿ ಮನೆ ನೋಡದೆ ಫೋನಿನಲ್ಲೇ "ಎರಡು ಬೆಡ್‌ರೂಮಾ? ಇಷ್ಟಾಗುತ್ತೆ" ಅನ್ನುವವರನ್ನು ಅಲ್ಲಿಗೇ ಬಿಟ್ಟುಬಿಡಿ. ಒಂದೋ ಖುದ್ದಾಗಿ ಬಂದು ನೋಡಬೇಕು, ಇಲ್ಲವೇ ವಿಡಿಯೋ ಕಾಲ್‌ನಲ್ಲಿ ಕಪಾಟಿನ ಬಾಗಿಲು, ಅಟ್ಟ, ಮಂಚದ ಕೆಳಗೆ ಎಲ್ಲವನ್ನೂ ತೋರಿಸಿ ಎಂದು ಕೇಳಬೇಕು. ಅಟ್ಟ ನೋಡಲು ಕೇಳದ ಸರ್ವೇಯರನ್ನು ನಾನು ನಂಬುವುದಿಲ್ಲ. ಅವನು ಬಿಟ್ಟದ್ದು ಪ್ಯಾಕಿಂಗ್ ದಿನ "ಎಕ್ಸ್‌ಟ್ರಾ" ಆಗಿ ಮೇಲೆ ಬರುತ್ತದೆ.

ಅವರು ಬರುವ ಮುಂಚೆ ನೀವೇ ಟೇಪ್ ಹಿಡಿದು ಒಂದು ಸುತ್ತು ಹಾಕಿ. 20 ಅಡಿಯ ಕಂಟೇನರಿನ ಒಳಗೆ ಸುಮಾರು 33 ಸಿಬಿಎಂ ಜಾಗವಿದೆ. ಸೋಫಾದ ಕಾಲು, ಸೈಕಲ್ಲಿನ ಹ್ಯಾಂಡಲ್ ಎಲ್ಲ ಅಡ್ಡ ಬಂದು ನಿಜವಾಗಿ ತುಂಬಿಸಲಾಗುವುದು 28ರ ಆಸುಪಾಸು. 40 ಅಡಿಯದರಲ್ಲಿ ಸುಮಾರು 67. ನಿಮ್ಮದು ಕಡಿಮೆಯಿದ್ದರೆ ಬೇರೆಯವರ ಜೊತೆ ಹಂಚಿಕೊಂಡ ಕಂಟೇನರ್, ಅಂದರೆ ಎಲ್‌ಸಿಎಲ್. ಜಾಸ್ತಿಯಿದ್ದರೆ ಪೂರ್ತಿ ಕಂಟೇನರ್, ಎಫ್‌ಸಿಎಲ್. ಎಲ್‌ಸಿಎಲ್‌ನಲ್ಲಿ ಕಂಟೇನರ್ ತುಂಬುವ ತನಕ ಕಾಯಬೇಕು, ಎರಡೂ ತುದಿಯಲ್ಲಿ ಗೋದಾಮಿನವರ ಕೈ ತಾಗುತ್ತದೆ. ಅದಕ್ಕೇ 15 ಸಿಬಿಎಂ ದಾಟಿದ ಮೇಲೆ ಎರಡಕ್ಕೂ ದರ ಕೇಳುವುದು ಒಳ್ಳೆಯದು. ಅಂತರ ಎಷ್ಟೋ ಸಲ ಅಂದುಕೊಂಡದ್ದಕ್ಕಿಂತ ಸಣ್ಣದಿರುತ್ತದೆ.

ಒಂದು ಸೂಕ್ಷ್ಮ ಇಲ್ಲಿದೆ. ಒಬ್ಬರು ಸಾಮಾನಿನ ಅಳತೆ ಮಾತ್ರ ಹೇಳುತ್ತಾರೆ, ಇನ್ನೊಬ್ಬರು ಅದನ್ನು ಇಡುವ ಮರದ ಪೆಟ್ಟಿಗೆಯ ಹೊರಗಿನ ಅಳತೆ ಹೇಳುತ್ತಾರೆ. ಮೊದಲನೆಯದು ನೆಟ್, ಎರಡನೆಯದು ಗ್ರಾಸ್. ನೆಟ್ 8 ಎಂದವರು ಅಗ್ಗ ಕಾಣುತ್ತಾರೆ, ಬಿಲ್ ಬರುವಾಗ 10 ಆಗಿರುತ್ತದೆ. ಎಲ್ಲರಿಂದಲೂ ಗ್ರಾಸ್ ಲೆಕ್ಕದಲ್ಲೇ ಬರೆಸಿಕೊಳ್ಳಿ, "ಸಾಮಾನು ಇಷ್ಟೇ ಇದ್ದರೆ ಮೊತ್ತ ಬದಲಾಗುವುದಿಲ್ಲ" ಎಂಬ ಸಾಲಿನ ಸಮೇತ.

ವಿಮಾನದಲ್ಲಿ ನಾಲ್ಕು ಡಬ್ಬಿ ಮೊದಲೇ ಕಳಿಸುವ ಯೋಚನೆಯಿದ್ದರೆ, ಸೆಂಟಿಮೀಟರಿನಲ್ಲಿ ಉದ್ದ, ಅಗಲ, ಎತ್ತರ ಗುಣಿಸಿ 6000ದಿಂದ ಭಾಗಿಸಿ. 60×50×50ರ ಡಬ್ಬಿಗೆ 25 ಕೆಜಿ ಬರುತ್ತದೆ. ಒಳಗೆ ದಿಂಬು ತುಂಬಿ 6 ಕೆಜಿಯೇ ತೂಗಿದರೂ ದರ 25 ಕೆಜಿಗೆ. ದಿಂಬು ಹಡಗಿಗೆ, ಪುಸ್ತಕವೂ ಹಡಗಿಗೆ. ವಿಮಾನಕ್ಕೆ ಏನು ಹಾಕಬೇಕೆಂದು ನನಗೆ ಮೂರು ಸಲವೂ ಸರಿಯಾಗಿ ತೋಚಲಿಲ್ಲ.

ಕೊಟೇಶನ್ನಿನಲ್ಲಿ ಇಲ್ಲದ್ದನ್ನು ಓದುವುದು

ಮೊತ್ತ ಎಲ್ಲರ ಕಣ್ಣಿಗೂ ಬೀಳುತ್ತದೆ. ನಾನು ಈಗ ಕೊನೆಯ ಪುಟದ ಸಣ್ಣಕ್ಷರದಿಂದ ಓದಲು ಶುರು ಮಾಡುತ್ತೇನೆ, ಏನೇನು ಸೇರಿಲ್ಲ ಎಂಬ ಪಟ್ಟಿಯಿಂದ. ಮೊದಲು ನೋಡುವುದು "ಡೋರ್ ಟು ಡೋರ್" ಎಂದಿದೆಯೋ "ಡೋರ್ ಟು ಪೋರ್ಟ್" ಎಂದೋ. ಒಂದೇ ಪದ ವ್ಯತ್ಯಾಸ. ಎರಡನೆಯದಾದರೆ ಬಂದರಿನಿಂದ ಮನೆ ತನಕದ್ದೆಲ್ಲ ನಿಮ್ಮ ತಲೆಗೆ. ಡೋರ್ ಟು ಡೋರ್ ಎಂದಿದ್ದರೂ ಬಂದರಿನ ಟರ್ಮಿನಲ್ ಶುಲ್ಕ, ಅಂದರೆ ಟಿಎಚ್‌ಸಿ, ಹೊರಗಿಟ್ಟಿರುವುದುಂಟು. ನನಗೆ ಪೆಟ್ಟು ಬಿದ್ದದ್ದು ಅಲ್ಲೇ. ಕೊಟೇಶನ್ನಿನಲ್ಲಿ ಅದು ಸೇರಿದೆ ಎಂದೂ ಇರಲಿಲ್ಲ, ಇಲ್ಲ ಎಂದೂ ಇರಲಿಲ್ಲ.

ಆಮೇಲೆ ಕಸ್ಟಮ್ಸ್. ಬಿಡಿಸುವ ಏಜೆಂಟಿನ ಕೂಲಿ ಸೇರಿರಬಹುದು. ಅಧಿಕಾರಿಗಳು ಕಂಟೇನರ್ ತೆಗೆಸಿ ನೋಡಿದರೆ ಅದರ ಖರ್ಚು, ಕಟ್ಟಬೇಕಾದ ಸುಂಕ ಬೇರೆ. ಇದನ್ನು ಯಾವ ಕಂಪನಿಯೂ ಮೊದಲೇ ಖಚಿತವಾಗಿ ಹೇಳಲಾರದು, ಹೇಳಿದರೆ ಅನುಮಾನಪಡಿ. ಬಳಸಿದ ಮನೆ ಸಾಮಾನಿಗೆ ಅನೇಕ ದೇಶಗಳು ಸುಂಕ ಬಿಡುತ್ತವೆ, ಆದರೆ ಎಷ್ಟು ಕಾಲ ನಿಮ್ಮ ಬಳಿ ಇದ್ದಿರಬೇಕು, ನೀವು ಅಷ್ಟರಲ್ಲಿ ವೀಸಾ ಸಮೇತ ಅಲ್ಲಿರಬೇಕೇ ಎಂಬ ಷರತ್ತು ಒಂದೊಂದು ಕಡೆ ಒಂದೊಂದು ಥರ. ಆ ಷರತ್ತುಗಳನ್ನು ಕೇಳದೆಯೇ ತಮ್ಮಷ್ಟಕ್ಕೆ ವಿವರಿಸುವ ಕಂಪನಿ ಕೆಲಸ ಗೊತ್ತಿರುವ ಕಂಪನಿ. ಆಸ್ಟ್ರೇಲಿಯಾ, ನ್ಯೂಜಿಲೆಂಡಿಗೆ ಹೊರಟವರಿಗೆ ಬೂಟು, ಸೈಕಲ್, ತೋಟದ ಸಲಕರಣೆಯ ಮಣ್ಣು ತೊಳೆಯಿರಿ ಎಂದು ಸರ್ವೇ ದಿನವೇ ಹೇಳದಿದ್ದರೆ ಆ ದಾರಿಯ ಅನುಭವ ಅವರಿಗಿಲ್ಲ ಎಂದೇ ತಿಳಿಯಿರಿ. ಮರದ ಪೆಟ್ಟಿಗೆ ಬಳಸುವವರನ್ನು ಐಎಸ್‌ಪಿಎಂ 15, ಅಂದರೆ ಮರದ ಪ್ಯಾಕಿಂಗಿನ ಅಂತಾರಾಷ್ಟ್ರೀಯ ನಿಯಮದ ಮುದ್ರೆ ಇದೆಯೇ ಎಂದು ಕೇಳಿ. ತೆನೆಯ ಗುರುತಿನ ಪಕ್ಕ ಎಚ್‌ಟಿ ಎಂದಿದ್ದರೆ ಹುಳ ಸಾಯುವಂತೆ ಆ ಮರವನ್ನು ಬಿಸಿ ಮಾಡಲಾಗಿದೆ ಎಂದರ್ಥ.

ಉಳಿದದ್ದು ಮನೆಬಾಗಿಲಿನ ಸಂಗತಿ: ಎಷ್ಟನೇ ಮಹಡಿ ತನಕ ಹೊರುತ್ತಾರೆ, ಲಿಫ್ಟ್ ಇಲ್ಲದಿದ್ದರೆ ಏನು, ಮಂಚ ಜೋಡಿಸಿಕೊಡುತ್ತಾರಾ, ರಟ್ಟಿನ ಡಬ್ಬಿ ವಾಪಸ್ ಒಯ್ಯುತ್ತಾರಾ.

ಕಂಪನಿಯನ್ನು ಪರೀಕ್ಷಿಸುವುದು

ಎಫ್‌ಐಡಿಐ ಎಂಬ ಅಂತಾರಾಷ್ಟ್ರೀಯ ಮೂವರ್ಸ್ ಒಕ್ಕೂಟವೊಂದಿದೆ. ಅದರ ಸದಸ್ಯರು ಎಫ್‌ಎಐಎಂ ಎಂಬ ಗುಣಮಟ್ಟದ ತಪಾಸಣೆಗೆ ಒಳಗಾಗಬೇಕು, ಅದನ್ನು ಹೊರಗಿನ ಆಡಿಟರುಗಳು ಮಾಡುತ್ತಾರೆ. ಐಎಎಂ ಎಂಬ ಇನ್ನೊಂದು ಸಂಘವೂ ಇದೆ. ಲಾಂಛನ ಅಂಟಿಸಿಕೊಳ್ಳುವುದಕ್ಕೆ ಏನೂ ಖರ್ಚಾಗುವುದಿಲ್ಲ, ಆದ್ದರಿಂದ ಸಂಘದ ಪಟ್ಟಿಯಲ್ಲೇ ಹೆಸರು ಹುಡುಕಿ. ಸದಸ್ಯತ್ವ ಇಲ್ಲದ ಸಣ್ಣ ಕಂಪನಿಗಳಲ್ಲೂ ಒಳ್ಳೆಯವರಿದ್ದಾರೆ, ನನ್ನ ಮೂರನೇ ಸಾಗಾಟ ಮಾಡಿದವರು ಅಂಥವರೇ. ಅವರನ್ನು ಆರಿಸಿದ್ದು ಈ ಉಪಾಯದಿಂದ:

ಕೊಟೇಶನ್ ಕೊಟ್ಟ ನಾಲ್ವರಿಗೂ "ಆ ಕಡೆಯ ನಿಮ್ಮ ಏಜೆಂಟ್ ಯಾರು?" ಎಂದು ಕೇಳಿದೆ. ಒಬ್ಬರು "ಅದೆಲ್ಲ ನಾವು ನೋಡಿಕೊಳ್ತೀವಿ ಮೇಡಂ" ಅಂದರು. ಅವರ ಹಾಳೆ ಹರಿದೆ. ಮೂವರು ಹೆಸರು ಕೊಟ್ಟರು. ಆ ಮೂರೂ ಏಜೆಂಟರಿಗೆ ನಾನೇ ಇಮೇಲ್ ಬರೆದೆ: ಇಂಥವರ ಮೂಲಕ ನಮ್ಮ ಸಾಮಾನು ಬರುವುದಿದೆ, ನೀವು ಅವರ ಜೊತೆ ಕೆಲಸ ಮಾಡುತ್ತೀರಾ, ಮನೆ ತನಕ ತಲುಪಿಸಲು ನನ್ನಿಂದ ಏನಾದರೂ ಕಟ್ಟಿಸಿಕೊಳ್ಳುತ್ತೀರಾ? ಒಬ್ಬರಿಂದ ಉತ್ತರವೇ ಇಲ್ಲ. ಇನ್ನೊಬ್ಬರು, "ಅವರ ಕೆಲಸ ನಾವು ಈಗ ತೆಗೆದುಕೊಳ್ಳುತ್ತಿಲ್ಲ" ಎಂದು ಒಂದೇ ಸಾಲು ಬರೆದರು. ಮೂರನೆಯವರು ಬೇಕಾದ ದಾಖಲೆಗಳ ಪಟ್ಟಿಯನ್ನೇ ಕಳಿಸಿದರು. ಆಯ್ಕೆ ಅಲ್ಲಿಗೆ ಮುಗಿಯಿತು.

ದುಡ್ಡಿನ ಬಗ್ಗೆ ಎರಡು ಮಾತು. ಖಾತೆಯ ಹೆಸರು ಕೊಟೇಶನ್ನಿನಲ್ಲಿರುವ ಕಂಪನಿಯ ಹೆಸರೇ ಆಗಿರಬೇಕು. ಬುಕಿಂಗ್ ದಿನವೇ ಪೂರ್ತಿ ಕೊಡಬೇಡಿ, ದೊಡ್ಡ ಪಾಲು ಪ್ಯಾಕಿಂಗ್ ಆದ ಮೇಲೆ ಇರಲಿ.

ವಿಮೆ

ಏನಾದರೂ ಆದರೆ ಕಂಪನಿ ಕೊಡುತ್ತದೆ ಎಂದು ನಾನೂ ನಂಬಿದ್ದೆ. ಅನೇಕ ದೇಶಗಳಲ್ಲಿ ನಡೆಯುವ ಹೇಗ್-ವಿಸ್ಬಿ ನಿಯಮದ ಪ್ರಕಾರ ಹಡಗಿನವರ ಹೊಣೆಗೆ ಮಿತಿಯಿದೆ: ಒಂದು ಪ್ಯಾಕೇಜಿಗೆ 666.67 ಎಸ್‌ಡಿಆರ್ ಅಥವಾ ಕಿಲೋಗೆ 2 ಎಸ್‌ಡಿಆರ್, ಯಾವುದು ಹೆಚ್ಚೋ ಅದು. ಎಸ್‌ಡಿಆರ್ ಎಂದರೆ ಐಎಂಎಫ್ (ಅಂತಾರಾಷ್ಟ್ರೀಯ ಹಣಕಾಸು ನಿಧಿ) ಬಳಸುವ ಲೆಕ್ಕದ ಘಟಕ. ಪ್ಯಾಕೇಜ್ ಎಷ್ಟು ಎಂಬುದು ಬಿಲ್ ಆಫ್ ಲೇಡಿಂಗ್‌ನಲ್ಲಿ, ಅಂದರೆ ಸರಕು ಹತ್ತಿಸಿಕೊಂಡದ್ದಕ್ಕೆ ಹಡಗಿನವರು ಕೊಡುವ ರಸೀದಿಯಲ್ಲಿ, ಬರೆದದ್ದರ ಮೇಲೆ ನಿಂತಿದೆ. ಐವತ್ತೆಂಟು ಡಬ್ಬಿಗಳನ್ನು "ಮರದ ಪೆಟ್ಟಿಗೆ, 2" ಎಂದು ಬರೆದರೆ ನೀವು ಎರಡಕ್ಕೆ ಇಳಿದಿರಿ. ಡಬ್ಬಿಗಳ ಸಂಖ್ಯೆಯನ್ನೇ ಬರೆಯಿಸಿ.

ಇದು ಸಾಲದು, ಬೇರೆ ವಿಮೆ ಬೇಕು. "ಆಲ್ ರಿಸ್ಕ್" ಎಂದಿರಲಿ. "ಟೋಟಲ್ ಲಾಸ್" ಎಂಬುದರಲ್ಲಿ ಎಲ್ಲವೂ ಮುಳುಗಿದರೆ ಮಾತ್ರ ದುಡ್ಡು, ಒಡೆದ ಗಾಜಿಗಿಲ್ಲ. ಬೆಲೆ ಅರ್ಧ ತೋರಿಸಿ ಪ್ರೀಮಿಯಂ ಉಳಿಸಿದರೆ ಪರಿಹಾರವೂ ಅರ್ಧವಾಗಬಹುದು. ನೀವೇ ಕಟ್ಟಿದ ಡಬ್ಬಿಯ ಮೇಲೆ ಪ್ಯಾಕರ್‌ಗಳು ಪಿಬಿಒ ಎಂದು ಬರೆಯುತ್ತಾರೆ, ಒಡೆಯನೇ ಪ್ಯಾಕ್ ಮಾಡಿದ್ದು ಎಂದರ್ಥ. ಅದರೊಳಗೆ ಒಡೆದರೆ ವಿಮೆಯವರು ಸಾಮಾನ್ಯವಾಗಿ ಕೈತೊಳೆದುಕೊಳ್ಳುತ್ತಾರೆ. ಗಾಜು, ಪಿಂಗಾಣಿ ಅವರ ಕೈಗೇ ಬಿಡಿ. ಬಟ್ಟೆ ನೀವು ಕಟ್ಟಿ.

"ಜನರಲ್ ಆವರೇಜ್" ಸೇರಿದೆಯೇ ಎಂದೂ ಕೇಳಿ. ಹಡಗನ್ನು ಉಳಿಸಲು ಮಾಡಿದ ಖರ್ಚನ್ನು ಅದರಲ್ಲಿ ಸರಕಿದ್ದವರೆಲ್ಲ ಹಂಚಿಕೊಳ್ಳಬೇಕೆಂಬ ಹಳೆಯ ಕಡಲ ಕಾನೂನು ಅದು. 2021ರ ಮಾರ್ಚ್‌ನಲ್ಲಿ ಸೂಯೆಜ್ ಕಾಲುವೆಗೆ ಅಡ್ಡ ಸಿಕ್ಕಿಕೊಂಡ ಎವರ್ ಗಿವನ್ ಆರು ದಿನಕ್ಕೆ ಬಿಡುಗಡೆಯಾಯಿತು, ಆದರೆ ಪರಿಹಾರದ ಜಗಳದಲ್ಲಿ ಜುಲೈ ತನಕ ಅಲ್ಲೇ ನಿಂತಿತ್ತು. ಅದರ ಮಾಲೀಕರು ಜನರಲ್ ಆವರೇಜ್ ಘೋಷಿಸಿದರು. ಹೀಗಾದಾಗ ಸರಕಿನವರು ಭದ್ರತೆ ಕೊಟ್ಟ ಮೇಲಷ್ಟೇ ಮಾಲು ಕೈಗೆ ಬರುತ್ತದೆ; ವಿಮೆಯಿದ್ದವರ ಪರವಾಗಿ ವಿಮಾ ಕಂಪನಿ ಕೊಡುತ್ತದೆ, ಇಲ್ಲದವರು ಜೇಬಿನಿಂದ.

ಡಬ್ಬಿ ಎಣಿಸುವ ಎರಡು ದಿನ

ಪ್ಯಾಕಿಂಗ್ ದಿನ ಟೀ ಕೊಟ್ಟು ಸುಮ್ಮನೆ ಕೂರಬೇಡಿ, ಪಟ್ಟಿ ಬರೆಯುವವನ ಪಕ್ಕ ನಿಲ್ಲಿ. ಅವನು ಎಸ್‌ಸಿ ಎಂದು ಗೀಚಿದರೆ ಗೀರಿದೆ ಎಂದು, ಸಿಎಚ್ ಎಂದರೆ ಚಕ್ಕೆ ಎದ್ದಿದೆ ಎಂದು, ಎಂಸಿಯು ಎಂದರೆ ಯಂತ್ರ ಓಡುತ್ತದೋ ಇಲ್ಲವೋ ಗೊತ್ತಿಲ್ಲ ಎಂದು. ನನ್ನ ಹೊಲಿಗೆ ಯಂತ್ರಕ್ಕೆ ಎಂಸಿಯು ಬರೆಯಹೊರಟವನನ್ನು ನಿಲ್ಲಿಸಿ, ಅವನೆದುರೇ ಒಂದು ಗಜ ಬಟ್ಟೆ ಹೊಲಿದು ತೋರಿಸಿ, ಪಟ್ಟಿಯಲ್ಲಿ ಆ ಗುರುತು ಬರೆಯದಂತೆ ಮಾಡಿದೆ. ಪೂರ್ತಿ ಕಂಟೇನರಾದರೆ ಬಾಗಿಲು ಮುಚ್ಚಿದ ಕೂಡಲೇ ಸೀಲ್ ನಂಬರಿನ ಫೋಟೋ ತೆಗೆಯಿರಿ. ಕಂಟೇನರಿನ ನಂಬರ್ ನಾಲ್ಕು ಇಂಗ್ಲಿಷ್ ಅಕ್ಷರ, ಏಳು ಅಂಕಿ. ಅದನ್ನು ಲೈನಿನ ವೆಬ್‌ಸೈಟಿನಲ್ಲಿ ಹಾಕಿದರೆ ಎಲ್ಲಿದೆ ಎಂದು ನಿಮಗೇ ಕಾಣುತ್ತದೆ, ಯಾರ ಫೋನಿಗೂ ಕಾಯಬೇಕಿಲ್ಲ.

ಇಳಿಸುವ ದಿನ ಪಟ್ಟಿ ಹಿಡಿದು ಬಾಗಿಲಲ್ಲೇ ನಿಂತು ನಂಬರಿಗೆ ಗೆರೆ ಎಳೆಯಿರಿ. ಸಹಿ ಹಾಕುವ ಜಾಗದಲ್ಲಿ "ಡಬ್ಬಿ ತೆರೆದು ನೋಡಿಲ್ಲ" ಎಂದು ಕೈಯಾರೆ ಬರೆಯಿರಿ. ಹೊರಗೆ ಕಾಣದ ಹಾನಿಯನ್ನು ಲಿಖಿತವಾಗಿ ತಿಳಿಸಲು ಹೇಗ್-ವಿಸ್ಬಿಯಲ್ಲಿ ಮೂರೇ ದಿನ, ಮೊಕದ್ದಮೆಗೆ ಒಂದು ವರ್ಷ. ವಿಮೆಯ ಗಡುವು ಪಾಲಿಸಿಯಲ್ಲಿ ಬೇರೆ ಇರುತ್ತದೆ. ಮೂರನೇ ಸಲ ನಮ್ಮ ಪಟ್ಟಿಯಲ್ಲಿ 58 ನಂಬರುಗಳಿದ್ದವು, ಇಳಿದದ್ದು 57. ಗಾಡಿ ಪೂರ್ತಿ ಖಾಲಿ, ಬೇಕಾದರೆ ನೋಡಿ ಎಂದ ಡ್ರೈವರ್. ನೋಡಿದೆ. ಇಪ್ಪತ್ತಮೂರನೆಯ ಡಬ್ಬಿ ಅವನ ಸೀಟಿನ ಹಿಂದೆ, ಅವನ ಜಾಕೆಟ್ಟಿನ ಕೆಳಗಿತ್ತು. ಇಬ್ಬರಿಗೂ ನಗು ಬಂತು. ಅದನ್ನು ಒಳಗಿಟ್ಟು, ಇಪ್ಪತ್ತಮೂರಕ್ಕೆ ಗೆರೆ ಎಳೆದು, ಆಮೇಲೆ ಸಹಿ ಹಾಕಿದೆ.