ಚೆಂಡು ಬಿಡುವುದನ್ನು ಕಲಿಸಲು ನನಗೆ ನಾಲ್ಕು ವರ್ಷ ಬೇಕಾಯಿತು

ಹಾಸನದಲ್ಲಿ ಟೆನಿಸ್ ಬಾಲ್ ಕ್ರಿಕೆಟ್ ಆಡಿ ಬೆಳೆದವನು ನಾನು. ಹದಿನಾಲ್ಕನೇ ವಯಸ್ಸಿನಲ್ಲಿ ಅಪ್ಪನ ಕೆಲಸದಿಂದಾಗಿ ಕ್ಯಾಲಿಫೋರ್ನಿಯಾಗೆ ಬಂದೆವು. ಶಾಲೆಯಲ್ಲಿ ಕ್ರಿಕೆಟ್ ಇರಲಿಲ್ಲ, ಬೇಸ್‌ಬಾಲ್ ಇತ್ತು. ಆಡಿ ಹೆಸರು ಮಾಡುವಷ್ಟು ಆಟ ನನ್ನಲ್ಲಿರಲಿಲ್ಲ. ಆದರೆ ಒಬ್ಬ ಹುಡುಗ ಬ್ಯಾಟ್ ಬೀಸುವುದನ್ನು ಗಂಟೆಗಟ್ಟಲೆ ನೋಡುತ್ತಾ ನಿಲ್ಲುತ್ತಿದ್ದೆ. ಆ ಹುಚ್ಚೇ ನನ್ನನ್ನು ಕಾಲೇಜು ತಂಡದ ಹಿಟ್ಟಿಂಗ್ ಕೋಚ್ ಮಾಡಿತು.

ಶುರುವಿನಲ್ಲಿ ಸಂಬಳವಿರಲಿಲ್ಲ. ಆಗ ಕಾಲೇಜು ಆಟದ ಮೇಲಿನ ಹಂತವಾದ ಡಿವಿಷನ್ 1 ಬೇಸ್‌ಬಾಲ್‌ನಲ್ಲಿ ಮುಖ್ಯ ಕೋಚ್ ಜೊತೆ ಸಂಬಳದ ಸಹಾಯಕರು ಇಬ್ಬರೇ. ಮೂರನೆಯವನು ವಾಲಂಟಿಯರ್. ಕೆಲಸ ಮಾತ್ರ ಪೂರ್ತಿ ದಿನದ್ದು. ಬೆಳಿಗ್ಗೆ ನೆಟ್ ಕಟ್ಟಬೇಕು, ಮಧ್ಯಾಹ್ನ ನೂರಾರು ಚೆಂಡು ಎಸೆಯಬೇಕು, ಸಂಜೆ ಮೈದಾನದ ಮಣ್ಣು ಸಮ ಮಾಡಬೇಕು. ಬೇಸಿಗೆ ಕ್ಯಾಂಪ್‌ಗಳಿಂದ, ಶಾಲಾ ಮಕ್ಕಳ ಪಾಠದಿಂದ ಬಾಡಿಗೆ ಕಟ್ಟುತ್ತಿದ್ದೆ. 2023ರ ಜುಲೈನಿಂದ ಕಾಲೇಜು ಕ್ರೀಡೆಗಳನ್ನು ನಡೆಸುವ ಎನ್‌ಸಿಎಎ ಆ ವಾಲಂಟಿಯರ್ ಹುದ್ದೆಯನ್ನೇ ತೆಗೆದುಹಾಕಿತು, ಮೂರನೆಯವನಿಗೂ ಸಂಬಳ ಕೊಡಬಹುದು ಎಂದಿತು. ಅದು ಎಷ್ಟೋ ವರ್ಷ ಮೊದಲೇ ಆಗಬೇಕಿತ್ತು.

ನಾನು ಮಾಡಿದ ದೊಡ್ಡ ತಪ್ಪನ್ನು ಹೇಳುತ್ತೇನೆ. ಎರಡನೇ ವರ್ಷದ ಒಬ್ಬ ಹುಡುಗನ ಬ್ಯಾಟ್ ತೀರಾ ಸಮತಟ್ಟಾಗಿ ಹೋಗುತ್ತಿತ್ತು. ಪಿಚರ್ 10 ಇಂಚು ಎತ್ತರದ ದಿಬ್ಬದ ಮೇಲಿಂದ ಎಸೆಯುತ್ತಾನೆ, ಚೆಂಡು ಇಳಿಯುತ್ತಾ ಬರುತ್ತದೆ. ಬ್ಯಾಟ್ ಸ್ವಲ್ಪ ಮೇಲ್ಮುಖವಾಗಿ ಬಂದರೆ ಎರಡೂ ಒಂದೇ ದಾರಿಯಲ್ಲಿ ಜಾಸ್ತಿ ಹೊತ್ತು ಇರುತ್ತವೆ. ಇದು ಸರಿಯಾದ ಮಾತೇ. ಸೆಪ್ಟೆಂಬರ್‌ನಿಂದ ಜನವರಿಯವರೆಗೆ ಟೀ ಎಂಬ ಗಿಡ್ಡ ಕಂಬದ ಮೇಲೆ ಚೆಂಡಿಟ್ಟು ತಿದ್ದಿದೆ. ಬ್ಯಾಟ್‌ಗೆ ಸೆನ್ಸರ್ ಸಿಕ್ಕಿಸಿ ಅಳೆದೆ. ಅಭ್ಯಾಸದ ಬಲೆ ಕೇಜ್ ಒಳಗೆ ಅವನ ಹೊಡೆತದ ಸದ್ದೇ ಬದಲಾಯಿತು.

ಫೆಬ್ರವರಿ ಮಧ್ಯದಲ್ಲಿ ಸೀಸನ್ ಶುರುವಾಯಿತು. ಮೂರು ವಾರ ಅವನಿಗೆ ಹೊಡೆಯಲಾಗಲಿಲ್ಲ. ಕೊನೆಯಲ್ಲಿ ಪಕ್ಕಕ್ಕೆ ಸರಿದು ಹೊರಗೆ ಹೋಗುವ ಸ್ಲೈಡರ್ ಎಸೆತಗಳಿಗೆಲ್ಲ ಬ್ಯಾಟ್ ಬೀಸುತ್ತಿದ್ದ. ನಾನು ದಿನಾ ಇನ್ನೊಂದು ತಿದ್ದುಪಡಿ ಹೇಳುತ್ತಿದ್ದೆ. ಮೊಣಕೈ, ಸೊಂಟ, ಮುಂಗಾಲು. ಕೊನೆಗೆ ಅವನೇ ಬಂದು, "ಕೋಚ್, ನನಗೆ ಬಾಲೇ ಕಾಣಿಸ್ತಿಲ್ಲ" ಎಂದ.

ಆ ರಾತ್ರಿ ನಿದ್ದೆ ಬರಲಿಲ್ಲ. 60 ಅಡಿ 6 ಇಂಚು ದೂರದಿಂದ ಗಂಟೆಗೆ 90 ಮೈಲಿ ವೇಗದಲ್ಲಿ ಬರುವ ಚೆಂಡು ಸುಮಾರು 0.4 ಸೆಕೆಂಡಿನಲ್ಲಿ ಹಿಟ್ಟರ್ ಪಕ್ಕದ ನೆಲದಲ್ಲಿರುವ ಪ್ಲೇಟ್ ತಲುಪುತ್ತದೆ. ಅಷ್ಟರೊಳಗೇ ಅವನು ನೋಡಬೇಕು, ತೀರ್ಮಾನಿಸಬೇಕು, ಬೀಸಬೇಕು. ನಾನು ಬೀಸುವುದನ್ನು ಮಾತ್ರ ಕಲಿಸಿದ್ದೆ. ಹಾಸನದಲ್ಲಿ ನಮಗೆ ಆಟ ಹೇಳಿಕೊಡುತ್ತಿದ್ದ ಅಣ್ಣ ಒಬ್ಬರು ಆಫ್ ಸ್ಟಂಪ್ ಹೊರಗಿನ ಚೆಂಡಿಗೆ ಕೈ ಹಾಕಿದರೆ ಬೈಯುತ್ತಿದ್ದರು: "ಬಿಡೋದೂ ಒಂದು ಶಾಟ್ ಕಣೋ."

ಮರುದಿನದಿಂದ ಟೀ ಅಭ್ಯಾಸ ಅರ್ಧಕ್ಕಿಳಿಸಿದೆ. ನಮ್ಮದೇ ಪಿಚರ್‌ಗಳು ತಮ್ಮ ಅಭ್ಯಾಸದ ಜಾಗವಾದ ಬುಲ್‌ಪೆನ್‌ನಲ್ಲಿ ಎಸೆಯುವಾಗ ಹಿಟ್ಟರ್‌ಗಳನ್ನು ಹೆಲ್ಮೆಟ್ ಹಾಕಿಸಿ ನಿಲ್ಲಿಸಿದೆ. ಬೀಸುವ ಹಾಗಿಲ್ಲ, ಸುಮ್ನೆ ನೋಡಬೇಕು. ಚೆಂಡು ಕ್ಯಾಚರ್ ಕೈ ಸೇರುವ ಮೊದಲೇ ಸ್ಟ್ರೈಕೋ (ಪ್ಲೇಟ್ ಮೇಲೆ, ಹೊಡೆಯಬಹುದಾದ ಎತ್ತರದಲ್ಲಿ ಬಂದದ್ದು) ಬಾಲೋ (ಅದರಿಂದ ಹೊರಗೆ ಹೋದದ್ದು) ಎಂದು ಕೂಗಬೇಕು. ಮೊದಲ ದಿನ ಹುಡುಗರು ಬೇಜಾರು ಮಾಡಿಕೊಂಡರು. ಎರಡನೇ ವಾರಕ್ಕೆ ತಮ್ಮತಮ್ಮಲ್ಲೇ ಪಂದ್ಯ ಕಟ್ಟತೊಡಗಿದರು.

ಆದರೆ ಕ್ರಿಕೆಟ್‌ನ ಬಿಡುವಿಕೆ ಇಲ್ಲಿ ಹಾಗೇ ನಡೆಯುವುದಿಲ್ಲ. ಟೆಸ್ಟ್‌ನಲ್ಲಿ ಗಂಟೆಗಟ್ಟಲೆ ಬಿಡಬಹುದು, ಇಲ್ಲಿ ಮೂರು ಸ್ಟ್ರೈಕ್‌ಗೆ ಔಟ್. ಪ್ಲೇಟ್ ಅಗಲ 17 ಇಂಚು. ಅದರಲ್ಲಿ ಪ್ರತಿಯೊಬ್ಬನಿಗೂ ಇಷ್ಟದ ಒಂದು ಜಾಗ ಇರುತ್ತದೆ ಅಲ್ವಾ? ಎರಡು ಬಾಲ್ ಆಗಿ ಸ್ಟ್ರೈಕ್ ಒಂದೂ ಆಗದಿದ್ದಾಗ ಆ ಜಾಗಕ್ಕೆ ಮಾತ್ರ ಕಾಯಬಹುದು, ಅಂಚಿನ ಸ್ಟ್ರೈಕ್ ಆದರೂ ಬಿಡಬಹುದು. ಎರಡು ಸ್ಟ್ರೈಕ್ ಬಿದ್ದ ಮೇಲೆ ಅಂಚಿಗೆ ಬಂದದ್ದಕ್ಕೂ ಬ್ಯಾಟ್ ಬೀಸಬೇಕು. ಹಾಗಾಗಿ ಬಾಲ್-ಸ್ಟ್ರೈಕ್‌ಗಳ ಯಾವ ಎಣಿಕೆಯಲ್ಲಿ ಏನು ಬಿಡಬೇಕು ಎಂದು ಪ್ರತಿಯೊಬ್ಬನ ಜೊತೆ ಕೂತು ಕಾಗದದ ಮೇಲೆ ಬರೆಸಿದೆ. ಬ್ಯಾಟ್ ತಿದ್ದುವ ಮಾತು ವಾರಕ್ಕೆ ಒಂದೇ.

ಸ್ಯಾನ್ ಡಿಯಾಗೋದ ಹೆಸರಾಂತ ಹಿಟ್ಟರ್ ಟೋನಿ ಗ್ವಿನ್ 1980ರ ದಶಕದಲ್ಲೇ ತಮ್ಮ ಬ್ಯಾಟಿಂಗ್‌ನ ವಿಡಿಯೊ ನೋಡಿ ನೋಡಿ ಕಲಿತವರು. ಆಮೇಲೆ ತಾವು ಓದಿದ ಕಾಲೇಜಿಗೇ ಕೋಚ್ ಆದರು. ನೋಡುವುದಕ್ಕೆ ಅವರು ಕೊಟ್ಟ ಬೆಲೆ ನನಗೆ ಆಗ ಅರ್ಥವಾಯಿತು.

ಆ ಹುಡುಗ ಏಪ್ರಿಲ್‌ನಲ್ಲೂ ಒಮ್ಮೆ ಸ್ಲೈಡರ್‌ಗೆ ಬೀಸಿ ಔಟಾದ. ಡಗ್‌ಔಟ್‌ಗೆ ಬಂದಾಗ ಕೈ ಬಗ್ಗೆ ನಾನು ಮಾತೆತ್ತಲಿಲ್ಲ. "ಏನು ಕಾಣಿಸ್ತು?" ಎಂದೆ.

"ಕೆಂಪು ಚುಕ್ಕೆ ಕಾಣಿಸ್ತು ಕೋಚ್. ಸ್ವಲ್ಪ ತಡವಾಗಿ."

ತಿರುಗುವ ಸ್ಲೈಡರ್‌ನ ಹೊಲಿಗೆ ಹಾಗೇ ಕಾಣುವುದು. ಅವನ ಹೆಸರಿನ ಪುಟದಲ್ಲಿ ಅಂದಿನ ತಾರೀಖು ಹಾಕಿ, ಅದನ್ನೇ ಬರೆದುಕೊಂಡೆ.