ಒಂದು ಕಡೆ ಲಿಪ್‌ಸ್ಟಿಕ್ ಹಾಕಿಲ್ಲ ಅಂತ ಬೈದ್ರು, ಇನ್ನೊಂದು ಕಡೆ ಹಾಕಿದ್ದಕ್ಕೆ ಬೈದ್ರು

ಕಾಫಿ ರುಚಿ ನೋಡೋ ಕಪ್ಪಿಂಗ್ ರೂಮಿಗೆ ಕಾಲಿಟ್ಟ ಮೊದಲನೇ ದಿನ ನನ್ನ ಕಿವಿಗೆ ಬಿದ್ದ ಮೊದಲನೇ ಮಾತು, "ಹೋಗಿ ತುಟಿ ತೊಳ್ಕೊಂಡು ಬಾ ಮಾರಾಯ್ತಿ, ಕೈನೂ ಚೆನ್ನಾಗಿ ತೊಳಿ, ಏನದು ಸೆಂಟು?" ಹೇಳಿದ್ದು ಅಲ್ಲಿನ ಸೀನಿಯರ್ ಟೇಸ್ಟರ್, ಅವರೂ ಹೆಂಗಸೇ. ಹೊಸ ಕೆಲಸ ಅಂತ ನಾನು ಬೆಳಿಗ್ಗೆ ಐದಕ್ಕೆ ಎದ್ದು ತಲೆ ಬಾಚಿ, ತುರುಬಿಗೆ ಒಂದು ಮೊಳ ಮಲ್ಲಿಗೆ ಮುಡ್ಕೊಂಡು, ಮುಖಕ್ಕೆ ಹಾಕೋದೆಲ್ಲ ಹಾಕ್ಕೊಂಡು ಸುಂಟಿಕೊಪ್ಪದಲ್ಲಿ ಬಸ್ ಹತ್ತಿದ್ದೆ. ಅದಕ್ಕೆ ಮುಂಚೆ ಎರಡೂವರೆ ವರ್ಷ ಮಡಿಕೇರಿ ಹತ್ರದ ಒಂದು ರೆಸಾರ್ಟ್‌ನ ಫ್ರಂಟ್ ಆಫೀಸ್‌ನಲ್ಲಿದ್ದೆ. ಅಲ್ಲಿ ಲಿಪ್‌ಸ್ಟಿಕ್ ಇಲ್ದೆ ಡೆಸ್ಕಿಗೆ ಬಂದ್ರೆ ಹೆಸರಿನ ಮುಂದೆ ಕೆಂಪು ಗುರುತು, ತಿಂಗಳಿಗೆ ಮೂರು ಆದ್ರೆ ಅರ್ಧ ದಿನದ ಸಂಬಳ ಕಟ್. ಈಗ ಇವರು ತೊಳ್ಕೊಂಡು ಬಾ ಅಂತಾರಲ್ಲಪ್ಪ ಅಂತ ನಲ್ಲಿ ಹತ್ರ ನಿಂತು ಅಳು ಬರೋದೊಂದು ಬಾಕಿ.

ಕಪ್ಪಿಂಗ್ ಅಂದ್ರೆ ಏನು ಅಂತ ಗೊತ್ತಿಲ್ಲದವರಿಗೆ ಹೇಳಿಬಿಡ್ತೀನಿ. ಒಂದು ಸ್ಯಾಂಪಲ್‌ಗೆ ಐದು ಕಪ್, 150 ಎಂಎಲ್ ನೀರಿಗೆ 8.25 ಗ್ರಾಂ ಕಾಫಿ ಪುಡಿ ಲೆಕ್ಕ. ಮೊದಲು ಒಣ ಪುಡಿನೇ ಮೂಸಬೇಕು, ಆಮೇಲೆ ಬಿಸಿನೀರು ಹುಯ್ದು ನಾಲ್ಕು ನಿಮಿಷ ಬಿಟ್ರೆ ಪುಡಿ ಮೇಲೆ ಬಂದು ಕೆನೆ ಥರ ಕಟ್ಟಿರುತ್ತೆ, ಅದನ್ನ ಚಮಚದಲ್ಲಿ ಒಡೆಯುವಾಗ ಮೂಗು ಕಪ್ಪಿಗೆ ತಾಗೋ ಹಂಗೆ ಬಗ್ಗಿ ಘಮ ಹಿಡೀಬೇಕು. ಆ ಟೈಮಲ್ಲಿ ಪಕ್ಕದಲ್ಲಿರೋಳ ಮೈಯಿಂದ ಬಾಡಿ ಸ್ಪ್ರೇ ವಾಸನೆ ಬಂತೋ, ಮುಗೀತು ಕಥೆ, ಅಮ್ಮತ್ತಿ ಕಡೆಯ ರೊಬಸ್ಟಾ ಕಾಫಿಯಲ್ಲಿ ಗುಲಾಬಿ ಘಮ ಇದೆ ಅಂತ ಯಾರಾದ್ರೂ ಬರೆದೇ ಬಿಡ್ತಾರೆ. ಲಿಪ್‌ಸ್ಟಿಕ್ ಚಮಚಕ್ಕೆ ಅಂಟುತ್ತೆ, ಬಾಯಲ್ಲಿ ಮೇಣದ ಥರ ಉಳಿಯುತ್ತೆ. ತಲೆಗೆ ಹಚ್ಚೋ ಎಣ್ಣೆ, ಕೈಗೆ ಹಚ್ಚೋ ಕ್ರೀಮು, ಎಲ್ಲದಕ್ಕೂ ಇದೇ ಕಥೆ. ಅವತ್ತು ನನ್ನ ಮಲ್ಲಿಗೆ ಹೂ ಆಫೀಸ್ ಬಾಗಿಲಾಚೆ ಕಿಟಕಿ ಮೇಲೆ ಸಂಜೆ ತನಕ ಬಾಡ್ತಾ ಕೂತಿತ್ತು.

ಅದಕ್ಕಿಂತ ಕಷ್ಟ ಆಗಿದ್ದು ಸೊರ್ರ್ ಅಂತ ಹೀರೋದು. ಕಾಫಿ ಚಮಚದಿಂದ ಎಷ್ಟು ಜೋರಾಗಿ ಎಳ್ಕೊಂಡ್ರೆ ಅಷ್ಟು ನಾಲಿಗೆ ಪೂರ್ತಿ ಹರಡುತ್ತೆ, ಅದಕ್ಕೆ ಸದ್ದು ಮಾಡ್ಲೇಬೇಕು, ಆಮೇಲೆ ಡಬ್ಬಕ್ಕೆ ಉಗೀಬೇಕು. ಚಿಕ್ಕಂದಿನಿಂದ ಸಾರು ಸೊರ್ ಅಂದ್ರೆ ತಲೆಗೆ ಮೊಟಕ್ತಿದ್ದ ಅಜ್ಜಿ ಕೈಯಲ್ಲಿ ಬೆಳೆದೋಳು ನಾನು, ರೆಸಾರ್ಟಲ್ಲಂತೂ ಗೆಸ್ಟ್ ಎದುರು ನೀರು ಕುಡಿಯೋಕೂ ಆ ಕಡೆ ತಿರುಗಬೇಕಿತ್ತು. ನಾಲ್ಕು ಜನ ಗಂಡಸರ ಎದುರು ಉಗಿಯೋಕೆ ನನಗೆ ಒಂದು ತಿಂಗಳೇ ಬೇಕಾಯ್ತು. ಮೊದಮೊದಲು ಬಾಯಿಗೆ ಕೈ ಅಡ್ಡ ಇಟ್ಕೊಂಡು ಉಗೀತಿದ್ದೆ, ಸೀನಿಯರ್ ಅಕ್ಕ ನಗ್ತಿದ್ರು. ಏಷ್ಯಾದ ಮೊದಲ ಮಹಿಳಾ ಕಾಫಿ ಟೇಸ್ಟರ್ ಅಂತ ಹೆಸರಾದ ಸುನಾಲಿನಿ ಮೆನನ್ ನಮ್ಮ ಕಾಫಿ ಬೋರ್ಡ್‌ನಲ್ಲೇ ಇದ್ದೋರು, ಅವರು ಹಿಂಗೆ ನಾಚ್ಕೊಂಡು ಕೂತಿದ್ರೆ ನಾವಿಬ್ರೂ ಇಲ್ಲಿ ಇರ್ತಿದ್ವಾ ಅಂತ ಕೇಳಿದ್ರು ಒಂದ್ಸಲ. ಅದಾದ್ಮೇಲೆ ಕೈ ಅಡ್ಡ ಇಡೋದು ಬಿಟ್ಟೆ.

ರೆಸಾರ್ಟ್ ಕಾಲದ್ದು ಸ್ವಲ್ಪ ಹೇಳ್ಬೇಕು, ಯಾಕಂದ್ರೆ ಡ್ರೆಸ್ ವಿಷಯದಲ್ಲಿ ನನಗೆ ಬುದ್ಧಿ ಬಂದಿದ್ದೂ ಅಲ್ಲೇ ಸಿಟ್ಟು ಬಂದಿದ್ದೂ ಅಲ್ಲೇ. ನಮಗೆ ಯೂನಿಫಾರ್ಮ್ ಕೊಡವ ಶೈಲಿ ಸೀರೆ, ನೆರಿಗೆ ಹಿಂದೆ, ಸೆರಗು ಬಲಭುಜಕ್ಕೆ ಪಿನ್. ನಾನು ಸೋಮವಾರಪೇಟೆ ಕಡೆಯೋಳು, ನಮ್ಮನೇಲಿ ಯಾರೂ ಹಂಗೆ ಉಟ್ಟೋರಲ್ಲ, ಜೊತೆಗಿದ್ದ ಕೊಡವರ ಹುಡುಗಿ ಒಂದು ವಾರ ನಿಲ್ಲಿಸಿ ಉಡಿಸಿ ಕಲಿಸಿದ್ಳು. ಗೆಸ್ಟ್‌ಗಳೆಲ್ಲ ಕೇಳೋರು, ಯಾಕೆ ಹಿಂದೆ ನೆರಿಗೆ ಅಂತ. ಕಾವೇರಿ ನದಿಯಾಗಿ ಹರಿಯುವಾಗ ಬಲಮುರಿಯಲ್ಲಿ ಹೆಂಗಸರ ನೆರಿಗೆ ನೀರಿನ ರಭಸಕ್ಕೆ ಹಿಂದಕ್ಕೆ ಹೋಯ್ತಂತೆ ಅನ್ನೋ ಕಥೆ ದಿನಕ್ಕೆ ಹತ್ತು ಸಲ ಹೇಳ್ತಿದ್ದೆ, ಹೇಳಿ ಮುಗಿಸಿದ ಮೇಲೆ "ಸೋ ಯು ಆರ್ ಕೂರ್ಗಿ?" ಅಂತ ಕೇಳಿದ್ರೆ ಇಲ್ಲ ಅನ್ನಂಗಿಲ್ಲ, ಸುಮ್ನೆ ನಗಬೇಕು. ಆ ಹುಡುಗಿಗೆ ಅದು ಮದುವೆಗೆ ಉಡೋ ಸೀರೆ, ನನಗೆ ಅದು ವೇಷ. ಇಬ್ರಿಗೂ ಇದು ಇಷ್ಟ ಇರ್ಲಿಲ್ಲ, ಕಾರಣ ಮಾತ್ರ ಬೇರೆಬೇರೆ.

ಸಂಬಳ 11 ಸಾವಿರ. ಕಾಡಿಗೆ, ಲಿಪ್‌ಸ್ಟಿಕ್, ತುರುಬಿನ ನೆಟ್ಟು, ಐಬ್ರೋ, ಕಾಲಿಗೆ ಹೀಲ್ಸು, ಎಲ್ಲ ನಮ್ಮದೇ ಖರ್ಚು, ತಿಂಗಳಿಗೆ ಸಾವಿರದ ಮೇಲೆನೇ ಹೋಗ್ತಿತ್ತು. ಗಂಡು ಹುಡುಗರಿಗೆ ಗಡ್ಡ ಬೋಳಿಸಿ ಶರ್ಟು ಇಸ್ತ್ರಿ ಮಾಡಿದ್ರೆ ಮುಗೀತು. ಜುಲೈ ತಿಂಗಳ ಮಡಿಕೇರಿ ಮಳೆ ಹೆಂಗೆ ಅಂತ ಗೊತ್ತಲ್ಲ, ಕೊಡೆ ಇದ್ರೂ ಕೆಳಗಿಂದ ಒದ್ದೆ. ಸೀರೆ ಪ್ಲಾಸ್ಟಿಕ್ ಕವರಲ್ಲಿ ಹಾಕ್ಕೊಂಡು ಹೋಗಿ ಸ್ಟೋರ್ ರೂಮಲ್ಲಿ ಉಟ್ಕೋಬೇಕು, ಡ್ಯೂಟಿ ಟೈಮು ಶುರುವಾಗೋದು ಡೆಸ್ಕಿಗೆ ಬಂದ್ಮೇಲೆ, ಆ ನಲವತ್ತು ನಿಮಿಷಕ್ಕೆ ದುಡ್ಡಿಲ್ಲ. ಒಂಬತ್ತು ಗಂಟೆ ಹೀಲ್ಸ್ ಮೇಲೆ ನಿಂತೇ ಇರ್ಬೇಕು, ಕುರ್ಚಿ ಇಡ್ತಾನೇ ಇರ್ಲಿಲ್ಲ. ಜೊತೆಗೆ ಇರಿಟ್ಟಿ ಕಡೆಯ ಒಬ್ಬಳಿದ್ಳು, 2018ರಲ್ಲಿ ನನಗೆ ಮೆಸೇಜ್ ಮಾಡಿದ್ಳು, ನಮ್ಮ ಕೇರಳದಲ್ಲಿ ಬಟ್ಟೆ ಅಂಗಡಿ ಹೆಂಗಸರು ಹೋರಾಡಿ ಕೂರೋ ಹಕ್ಕು ಕಾನೂನಿಗೇ ಸೇರಿಸಿಬಿಟ್ರು ನೋಡು ಅಂತ. 2021ರಲ್ಲಿ ತಮಿಳುನಾಡಲ್ಲೂ ಬಂತು. ಕೇರಳ ಗಡಿಯ ಮಾಕುಟ್ಟ ದಾಟಿದ್ರೆ ಕೂರಬಹುದು, ಈ ಕಡೆ ಬಂದ್ರೆ ನಿಂತ್ಕೋಬೇಕು ಅಂತ ನಾವಿಬ್ರೂ ಫೋನಲ್ಲಿ ನಕ್ಕಿದ್ದೇ ನಕ್ಕಿದ್ದು, ಹಿಮ್ಮಡಿ ನೋವು ಇವತ್ತಿಗೂ ಹೋಗಿಲ್ಲ ಅದು ಬೇರೆ ಮಾತು.

ಹಂಗಂತ ಅದರಿಂದ ಏನೂ ಉಪಯೋಗ ಇರ್ಲಿಲ್ಲ ಅಂತ ಹೇಳಿದ್ರೆ ಸುಳ್ಳಾಗುತ್ತೆ. ರೂಮು ಕೊಟ್ಟಿಲ್ಲ ಅಂತ ಕೂಗಾಡ್ಕೊಂಡು ಬಂದವರು ನೀಟಾಗಿ ನಿಂತಿರೋ ನನ್ನ ನೋಡಿ ಒಂದು ಸುತ್ತು ದನಿ ಇಳಿಸ್ತಿದ್ರು, ಇದನ್ನ ಕಣ್ಣಾರೆ ಕಂಡಿದ್ದೀನಿ. ನಾನು ಕೆಲಸ ಬಿಟ್ಟ 2016ರಲ್ಲೇ ಅಮೆರಿಕದಲ್ಲಿ ಜಾಕ್ಲಿನ್ ವಾಂಗ್, ಆಂಡ್ರ್ಯೂ ಪೆನ್ನರ್ ಅನ್ನೋ ಇಬ್ಬರು 14,000ಕ್ಕೂ ಹೆಚ್ಚು ಜನರ ಲೆಕ್ಕ ಇಟ್ಕೊಂಡು ಒಂದು ಸ್ಟಡಿ ಮಾಡಿದ್ರು, ಆಮೇಲೆ ಯಾವಾಗ್ಲೋ ಓದಿದೆ. ನೋಡೋಕೆ ಚೆನ್ನಾಗಿರೋರಿಗೆ ಸುಮಾರು 20 ಪರ್ಸೆಂಟ್ ಸಂಬಳ ಜಾಸ್ತಿ ಅಂತೆ, ಆದ್ರೆ ಹೆಂಗಸರಲ್ಲಿ ಆ ಲಾಭ ಪೂರ್ತಿ ಬರೋದು ಒಪ್ಪ ಓರಣದಿಂದ, ಅಂದ್ರೆ ಅಲಂಕಾರ ಬಟ್ಟೆ ಬರೆಯಿಂದ, ಗಂಡಸರಲ್ಲಿ ಅದು ಅರ್ಧ ಮಾತ್ರ. ನನಗಿದು ಓದಿ ಖುಷಿಯೂ ಆಯ್ತು ಬೇಜಾರೂ ಆಯ್ತು. ಹುಟ್ಟಿದ ಮುಖಕ್ಕಿಂತ ತಯಾರಾದ ಮುಖಕ್ಕೆ ಬೆಲೆ ಅಂದ್ರೆ ನನ್ನಂಥ ಸಾಧಾರಣ ಮುಖದವಳಿಗೆ ಒಳ್ಳೇದೇ, ಆದ್ರೆ ಆ ತಯಾರಿ ದಿನಾ ಮಾಡ್ಬೇಕಲ್ಲ, ಒಂದು ದಿನ ಬಿಟ್ರೆ "ಯಾಕೆ ಹುಷಾರಿಲ್ವಾ" ಅಂತ ಕೇಳ್ತಾರಲ್ಲ.

ಕಪ್ಪಿಂಗ್ ಕಲಿತ ಮೇಲೆ ಫೀಲ್ಡಿಗೆ ಕಳಿಸೋಕೆ ಶುರು ಮಾಡಿದ್ರು, ಬೆಳೆಗಾರರ ಕಣಕ್ಕೆ ಹೋಗಿ ಸ್ಯಾಂಪಲ್ ತರೋದು. ಮೊದಲನೇ ಸಲ ಫೆಬ್ರವರಿಯಲ್ಲಿ ಸಿದ್ದಾಪುರದ ಕಡೆ. ಕಪ್ಪಿಂಗ್ ಇಲ್ವಲ್ಲ ಅಂತ ಚೆನ್ನಾಗಿ ರೆಡಿಯಾಗಿ ಬಿಳಿ ಕುರ್ತಾ, ಸಣ್ಣ ಹೀಲ್ಸ್ ಇರೋ ಸ್ಯಾಂಡಲ್. ಕಣದ ತುಂಬ ರೊಬಸ್ಟಾ ಹರಡಿದ್ರು, ಒಂದು ಕಡೆ ಒಣಗಿದ್ದು, ಇನ್ನೊಂದು ಕಡೆ ಹಿಂದಿನ ದಿನ ಕುಯ್ದ ಹಸಿ ಹಣ್ಣು. ನಾನು ನೇರ ಹಸಿ ಹಣ್ಣಿನ ಮೇಲೆ ಕಾಲಿಟ್ಟೆ, ಹೀಲ್ಸ್ ಕೆಳಗೆ ಪಚಕ್ ಅಂತ ಹಣ್ಣು ಒಡೆದು ಕುರ್ತಾ ಅಂಚಿಗೆಲ್ಲ ಕೆಂಪು ರಸ. ಕಾಫಿ ತಿರುವ್ತಿದ್ದ ಹೆಂಗಸರೆಲ್ಲ ಬರಿಗಾಲಲ್ಲಿದ್ರು. ಯಜಮಾನರು ಬೈಲಿಲ್ಲ, "ಚಪ್ಪಲಿ ಆ ಕಡೆ ಬಿಟ್ಟು ಬಾಮ್ಮ" ಅಂದ್ರು ಅಷ್ಟೇ. ಆಮೇಲೆ ನಮ್ಮ ಜೀಪ್ ಡ್ರೈವರ್ ಕಡೆ ತಿರುಗಿ "ಹೇಳಿ ಸಾರ್, ಓಟಿ ಎಷ್ಟು ಬರಬಹುದು" ಅಂತ ಶುರು ಮಾಡಿದ್ರು. ಓಟಿ ಅಂದ್ರೆ 50 ಕೆಜಿ ಚೆರಿ, ಅಂದ್ರೆ ಒಣಗಿದ ಕಾಫಿ ಹಣ್ಣಿನ ಮೂಟೆಯಲ್ಲಿ ಎಷ್ಟು ಕೆಜಿ ಬೇಳೆ ಸಿಗುತ್ತೆ ಅನ್ನೋ ಲೆಕ್ಕ, 26 ಅಂದ್ರೆ ಒಂದು ರೇಟು, 28 ಅಂದ್ರೆ ಇನ್ನೊಂದು, ಬೆಳೆಗಾರರ ವರ್ಷದ ದುಡ್ಡು ನಿಂತಿರೋದೇ ಅದರ ಮೇಲೆ. ಡ್ರೈವರ್ ಅಣ್ಣ ಪಾಪ ನನ್ನ ಕಡೆ ಕೈ ತೋರಿಸಿ "ಮೇಡಂ ಅವ್ರೇ ನೋಡೋದು" ಅಂದ್ರು, ಯಜಮಾನರು ನನ್ನ ತಲೆಯಿಂದ ಬರಿಗಾಲ ತನಕ ನೋಡಿ "ಓ, ನಾನು ಅಕೌಂಟ್ಸ್‌ನವರು ಅನ್ಕೊಂಡೆ" ಅಂದ್ರು. ಅವರದ್ದೇನು ತಪ್ಪು, ಹಸಿ ಹಣ್ಣಿನ ಮೇಲೆ ಹೀಲ್ಸ್ ಹಾಕ್ಕೊಂಡು ನಡೆದವಳಿಗೆ ಕಾಫಿ ಗೊತ್ತಿದೆ ಅಂತ ಯಾರು ನಂಬ್ತಾರೆ.

ಆಮೇಲೆ ನಾನೇ ಒಂದೊಂದಾಗಿ ಬದಲಾಯಿಸ್ಕೊಂಡೆ. ಕಾಫಿ ಕಲೆ ಕಾಣದ ಹಂಗೆ ಕಂದು, ಕಪ್ಪು ಪ್ಯಾಂಟು, ಮೇಲೆ ಫುಲ್ ತೋಳಿನ ಕಾಟನ್ ಶರ್ಟು, ಮಳೆಗಾಲಕ್ಕೆ ಗಂಬೂಟು, ಜಿಗಣೆಗೆ ಜೇಬಲ್ಲಿ ಉಪ್ಪಿನ ಪೊಟ್ಟಣ. ವೇಲ್ ಬಿಟ್ಟೆ, ಇದಕ್ಕೆ ಮನೇಲಿ ಸ್ವಲ್ಪ ಮಾತು ಬಂತು, ಆದ್ರೆ ಕಾಫಿ ಸಿಪ್ಪೆ ಬಿಡಿಸೋ ಹಲ್ಲರ್ ಮೆಷಿನ್ ಬೆಲ್ಟ್ ಓಡ್ತಿರುವಾಗ ಪಕ್ಕದಲ್ಲಿ ವೇಲ್ ಹಾಕ್ಕೊಂಡು ನಿಂತ್ರೆ ಏನಾಗುತ್ತೆ ಅಂತ ಅತ್ತೆಗೆ ಒಂದ್ಸಲ ಕರ್ಕೊಂಡು ಹೋಗಿ ತೋರಿಸಿದೆ, ಅವತ್ತಿಂದ ಅವರೇ "ಜಡೆ ಒಳಗೆ ಹಾಕ್ಕೋ" ಅಂತ ಕಳಿಸ್ತಾರೆ. ಬಳೆ ಇಲ್ಲ, ಬೊಟ್ಟು ಇದೆ, ಅದಕ್ಕೆ ಯಾವ ವಾಸನೆನೂ ಇಲ್ವಲ್ಲ. ಎಲ್ಲಕ್ಕಿಂತ ದೊಡ್ಡ ವ್ಯತ್ಯಾಸ ಮಾಡಿದ್ದು ಬಟ್ಟೆ ಅಲ್ಲ, ಕಾಫಿಯ ತೇವ ಅಳೆಯೋ ಮಾಯಿಶ್ಚರ್ ಮೀಟರ್. ಮೊದಲು ಅದು ಜೀಪಲ್ಲಿರ್ತಿತ್ತು, ಡ್ರೈವರ್ ತಂದ್ಕೊಡ್ತಿದ್ರು. ಒಂದಿನ ನಾನೇ ಹೆಗಲಿಗೆ ಹಾಕ್ಕೊಂಡು ಇಳಿದೆ, ಮೂಟೆಗೆ ಚುಚ್ಚೋ ಕೊಳವೆನೂ ನನ್ನ ಕೈಯಲ್ಲೇ. ಅವತ್ತು ಇಳಿದ ತಕ್ಷಣ ತೋಟದ ಲೆಕ್ಕ ಬರೆಯೋ ರೈಟರ್ ಬಂದಿದ್ದು ನನ್ನ ಹತ್ರ, ಡ್ರೈವರ್ ಹತ್ರ ಅಲ್ಲ.

ಇದೇ ಪ್ಯಾಂಟು ಶರ್ಟಲ್ಲಿ ಬೆಂಗಳೂರಿಗೆ ಒಂದು ಎಕ್ಸ್‌ಪೋರ್ಟರ್ ಮೀಟಿಂಗಿಗೆ ಹೋಗಿ ಪೆಟ್ಟು ತಿಂದಿದ್ದೂ ಇದೆ, ರಿಸೆಪ್ಷನ್ ಹುಡುಗಿ ಸ್ಯಾಂಪಲ್ ಡೆಲಿವರಿ ಆ ಗೇಟಲ್ಲಿ ಅಂತ ಕಳಿಸಿದ್ಳು. ನಾನೂ ಒಂದು ಕಾಲದಲ್ಲಿ ಹಂಗೇ ಕಳಿಸ್ತಿದ್ದೋಳು, ಏನು ಹೇಳೋದು. ಈಗ ಜೀಪಿನ ಹಿಂದೆ ಒಂದು ಬ್ಯಾಗು ಯಾವಾಗ್ಲೂ ಇರುತ್ತೆ, ಇಸ್ತ್ರಿ ಮಾಡಿದ ಕಾಟನ್ ಸೀರೆ, ಬ್ಲೌಸು, ಪಿನ್ನು, ಚಪ್ಪಟೆ ಚಪ್ಪಲಿ. ಹೀಲ್ಸ್ ಮಾತ್ರ ಇನ್ನು ಜನ್ಮಕ್ಕೂ ಬೇಡ.

ಹೋದ ಜುಲೈಯಲ್ಲಿ ನಮ್ಮಲ್ಲಿ ಒಬ್ಬ ಟ್ರೈನಿ ತಗೊಳ್ಳೋದಿತ್ತು, ಇಂಟರ್‌ವ್ಯೂಗೆ ನಾನೂ ಕೂತಿದ್ದೆ. ಭಾಗಮಂಡಲದ ಆಚೆಯಿಂದ ಒಂದು ಹುಡುಗಿ ಬಂದಿದ್ಳು, ಒಂದು ಗಂಟೆ ಲೇಟು, ತಲೆಯಿಂದ ನೀರು ತೊಟ್ಟಿಕ್ತಿತ್ತು, ಹವಾಯಿ ಚಪ್ಪಲಿ, ಚೂಡಿದಾರದ ಕಾಲಿಗೆಲ್ಲ ಕೆಸರು. ನಾನು ಫಾರ್ಮಲ್ಲಿ ಪ್ರೆಸೆಂಟೇಶನ್ ಅನ್ನೋ ಕಾಲಂಗೆ ಹತ್ತಕ್ಕೆ ಮೂರು ಬರೆದೆ. ಬರೆದು ಆದ್ಮೇಲೆ ಕೇಳಿದೆ ಯಾಕಮ್ಮ ಲೇಟು ಅಂತ. ಸಂಗಮದಲ್ಲಿ ನೀರು ರಸ್ತೆ ಮೇಲೆ ಬಂದಿತ್ತು ಮೇಡಂ, ಬಸ್ ಈ ಕಡೆ ಬರ್ಲಿಲ್ಲ, ಆ ಕಡೆ ತನಕ ನೀರಲ್ಲೇ ನಡ್ಕೊಂಡು ಬಂದೆ ಅಂದ್ಳು. ಆಮೇಲೆ ಮೂರು ಕಪ್ ಟೆಸ್ಟ್, ಎರಡರಲ್ಲಿ ಒಂದೇ ಕಾಫಿ ಇರುತ್ತೆ, ಬೇರೆ ಕಾಫಿ ಇರೋ ಕಪ್ ಯಾವ್ದು ಅಂತ ಹೇಳ್ಬೇಕು. ಆರು ಸೆಟ್ ಇಟ್ವಿ, ನೀಟಾಗಿ ಬ್ಲೇಜರ್ ಹಾಕ್ಕೊಂಡು ಬಂದ ಹುಡುಗ ಎರಡು ಹೇಳ್ದ. ಇವಳು ಒದ್ದೆ ಕೂದಲು ಕಿವಿ ಹಿಂದೆ ಸಿಕ್ಕಿಸ್ಕೊಂಡು ಬಗ್ಗಿದೋಳು ಐದು ಸರಿಯಾಗಿ ಹೇಳಿದ್ಳು, ಆರನೇದರಲ್ಲಿ "ಇದೊಂದು ಮಳೇಲಿ ನೆನೆದ ಚೀಲದ ವಾಸನೆ ಬರ್ತಿದೆ ಮೇಡಂ, ಮೂರರಲ್ಲೂ ಬರ್ತಿದೆ" ಅಂದ್ಳು. ನಾವು ಮೂಸಿ ನೋಡಿದ್ವಿ, ಹೌದು, ಆ ಸ್ಯಾಂಪಲ್ ಗೋಣಿಗೇ ಬೂಷ್ಟು ಹಿಡಿದಿತ್ತು, ಬೆಳಿಗ್ಗೆಯಿಂದ ನಮಗ್ಯಾರಿಗೂ ಗೊತ್ತಾಗಿರ್ಲಿಲ್ಲ.

ಆ ಪ್ರೆಸೆಂಟೇಶನ್ ಕಾಲಂ ಫಾರ್ಮಿಗೆ ಸೇರಿಸಿದ್ದು ನಾನೇ. ರೆಸಾರ್ಟಿನ ಹಳೇ ಫಾರ್ಮ್ ನನ್ನ ಹತ್ರ ಇತ್ತು, ಅದನ್ನೇ ಕಾಪಿ ಮಾಡಿ ಕೊಟ್ಟಿದ್ದೆ, ಯಾರೂ ಕೇಳಿರ್ಲಿಲ್ಲ. ತೆಗೆದುಬಿಡೋಣ ಅಂತ ಬಾಸ್ ಹತ್ರ ಹೋದ್ರೆ, ಬೈಯರ್ ಎದುರು ನಿಲ್ಲೋರಿಗೆ ಬೇಕಾಗುತ್ತೆ ಇರ್ಲಿ ಅಂದ್ರು, ಬೆಂಗಳೂರಿನ ಗೇಟು ನೆನಪಾಗಿ ನನಗೂ ಪೂರ್ತಿ ಬೇಡ ಅನ್ನೋಕೆ ಆಗ್ಲಿಲ್ಲ, ಕಾಲಂ ಈಗ್ಲೂ ಇದೆ. ಆದ್ರೆ ಒಂದು ಒಪ್ಪಿಸಿದೆ, ಫೀಲ್ಡಿಗೆ ಹೋಗೋರಿಗೆ ಗಂಬೂಟು, ರೇನ್‌ಕೋಟು, ಎರಡು ಜೊತೆ ಪ್ಯಾಂಟು ಶರ್ಟು ಕಂಪನಿ ಲೆಕ್ಕದಲ್ಲೇ, ಬಟ್ಟೆ ಬದಲಾಯಿಸೋ ಟೈಮು ಡ್ಯೂಟಿ ಒಳಗೇ. ಎರಡು ವಾರ ಆಯ್ತು ಸೈನ್ ಹಾಕೋಕೆ, ಬೂಟು ಬರೋಕೆ ಇನ್ನೂ ಒಂದು ವಾರ. ಅಲ್ಲಿ ತನಕ ಆ ಹುಡುಗಿ ನನ್ನ ಹಳೇ ಗಂಬೂಟು ಹಾಕ್ಕೊಂಡು ಓಡಾಡಿದ್ಳು, ಅವಳಿಗೆ ಒಂದು ಸೈಜ್ ದೊಡ್ಡದು, ಮುಂದಕ್ಕೆ ನ್ಯೂಸ್ ಪೇಪರ್ ತುರುಕಿ ಕೊಟ್ಟಿದ್ದೆ, ನಾಪೋಕ್ಲು ಕಡೆ ಗೋಡೌನಲ್ಲಿ ಮೂಟೆ ಮೂಟೆ ನಡುವೆ ಪಚ್ ಪಚ್ ಅಂತ ಸದ್ದು ಮಾಡ್ಕೊಂಡು ಮೀಟರ್ ಹೆಗಲಿಗೆ ಹಾಕ್ಕೊಂಡು ನಡೀತಿದ್ಳು.