ಬಾಳೆ ಬುಡದ ಅರ್ಥಿಂಗ್: ಮನೆ ಚಾರ್ಜರ್ ಕೂರಿಸಲು ಹೋಗಿ ಹಣ ಎಲ್ಲೆಲ್ಲಿ ಹೋಯಿತು

ಹೋದ ಏಪ್ರಿಲ್ ಕೊನೆಯಲ್ಲಿ ಶಿರಸಿ ಹತ್ತಿರದ ಒಂದು ಮನೆಯಲ್ಲಿ, ಕರೆಂಟ್ ಕಾರಿನ ಚಾರ್ಜರಿಗೆ ಮಾಡಿದ ಅರ್ಥಿಂಗ್ ಕರೆಂಟನ್ನು ಮಣ್ಣಿಗೆ ಎಷ್ಟು ಸಲೀಸಾಗಿ ಇಳಿಸುತ್ತದೆ ಅಂತ ಅಳೆಯಲು ಅರ್ಥ್ ಟೆಸ್ಟರ್ ಹಚ್ಚಿದೆ. 3.6 ಓಮ್ ತೋರಿಸಿತು, ಇದು ಕಡಿಮೆ ಇದ್ದಷ್ಟೂ ಒಳ್ಳೆಯದು. ಸರಿಯಾಗಿ ಮಳೆ ಬಿದ್ದು ತಿಂಗಳುಗಳೇ ಆಗಿದ್ದವು, ಅಂಗಳದ ಮಣ್ಣು ಕಲ್ಲಿನ ಹಾಗೆ ಒಣಗಿತ್ತು. ಅದೇ ಮನೆಯಲ್ಲಿ ಅದರ ಹಿಂದಿನ ಬೇಸಿಗೆಗೆ 40ರ ಮೇಲೆ ಇತ್ತು. ಬಚ್ಚಲ ಹಿಂದಿನ ಬಾಳೆ ಬುಡದಲ್ಲಿ ಅರ್ಥಿಂಗ್ ಮಾಡಿದ್ದೆ. ಇದು ಆಗುವ ಕೆಲಸ ಅಲ್ಲ ಅಂದವರಲ್ಲಿ ನಮ್ಮ ವೈರಿಂಗ್ ಕೆಲಸದ ಹಿರಿಯರೂ ಇದ್ದರು. ಈಗ ಎರಡನೇ ಬೇಸಿಗೆಯೂ ದಾಟಿದೆ, ಅದಕ್ಕೇ ಬರೆಯುತ್ತಿದ್ದೇನೆ.

ನಾನು ವೈರಿಂಗ್ ಕೆಲಸಕ್ಕೆ ಬಂದು ಹದಿನೆಂಟು ವರ್ಷ. ಕಾರಿನ ಚಾರ್ಜರ್ ಕೂರಿಸಲು ಶುರು ಮಾಡಿ ನಾಲ್ಕು ವರ್ಷ ಆಗಿರಬಹುದು. ಕಾರವಾರದಿಂದ ಸಿದ್ದಾಪುರದವರೆಗೆ ಎಪ್ಪತ್ತರ ಹತ್ತಿರ ಕೂರಿಸಿದ್ದೇನೆ.

ಎಲ್ಲ ಕಡೆ ಒಂದೇ ಕತೆ. ಕಾರು ಮಾರುವವರು ಚಾರ್ಜರ್ ಫ್ರೀ, ಕೂರಿಸುವುದೂ ಫ್ರೀ ಅಂತ ಹೇಳಿರುತ್ತಾರೆ. ಆ ಫ್ರೀ ಇರುವುದು ಕೆಲವೇ ಮೀಟರ್ ಕೇಬಲ್ಲಿಗೆ. ಪೇಟೆಯಲ್ಲಿ ಮೀಟರೂ ಕಾರೂ ಒಂದೇ ಗೋಡೆಯ ಆಚೆ ಈಚೆ ಇರುತ್ತವೆ, ಸಾಕಾಗುತ್ತದೆ. ನಮ್ಮ ಕಡೆ ಮೀಟರ್ ಜಗಲಿಯ ಮೇಲೆ, ಕಾರು ನಿಲ್ಲುವುದು ದಣಪೆ ಪಕ್ಕದ ಶೆಡ್ಡಿನಲ್ಲಿ. ಮಧ್ಯ ಅಂಗಳ, ಕೊಟ್ಟಿಗೆ, ಒಂದು ದರೆ. ಅಳೆದರೆ 60 ಮೀಟರ್. ಅಷ್ಟು ದೂರಕ್ಕೆ 6 ಸ್ಕ್ವೇರ್ ಎಂಎಂ ದಪ್ಪದ ತಾಮ್ರದ ಕೇಬಲ್ಲಿನಲ್ಲಿ 32 ಆಂಪ್ ಎಳೆದರೆ 12 ವೋಲ್ಟ್ ದಾರಿಯಲ್ಲೇ ಹೋಗುತ್ತದೆ. ಸಂಜೆ ಹೊತ್ತು ಮೀಟರಿನಲ್ಲೇ 195 ಇರುವ ಮನೆಗೆ ಅದು ನಡೆಯುವುದಿಲ್ಲ. 10 ಸ್ಕ್ವೇರ್ ಹಾಕಿದರೆ ಇಳಿಕೆ 7 ವೋಲ್ಟಿಗೆ ಬರುತ್ತದೆ, ಆದರೆ ಲೋಹದ ಕವಚ ಇರುವ ಆರ್ಮರ್ಡ್ ಕೇಬಲ್ ಮೀಟರಿಗೆ ಆರುನೂರರ ಆಸುಪಾಸು. ಕೇಬಲ್ ಒಂದಕ್ಕೇ 36 ಸಾವಿರ! ಫ್ರೀ ಚಾರ್ಜರಿನ ಬೆಲೆಯೂ ಅಷ್ಟೇ ಇರಬಹುದು. ಯಜಮಾನರ ಮುಖ ಅಲ್ಲೇ ಬಾಡುತ್ತದೆ.

ಮೊದಲು ಕೆಟ್ಟ ಕೆಲಸದ ವಿಷಯ ಹೇಳುತ್ತೇನೆ. ಮೇಲೆ ಹೇಳಿದ ಮನೆಯದ್ದೇ. ಗುಡ್ಡದ ನೆತ್ತಿಯ ಮನೆ, ಒಂದಡಿ ಅಗೆದರೆ ಚಿರೆಕಲ್ಲು. ಆಗಸ್ಟಿನಲ್ಲಿ ಕೂರಿಸಿದೆ. ಅರ್ಥಿಂಗಿಗೆ ಇದ್ದಿಲು ಉಪ್ಪಿನ ಗುಂಡಿ, ಜಿಐ ಅಂದರೆ ಸತುವಿನ ಲೇಪದ ಕಬ್ಬಿಣದ ಪೈಪು, ಎಲ್ಲ ಮಾಮೂಲಿ. ಮಳೆ ಜಡಿಯುತ್ತಿತ್ತು, 6 ಓಮ್ ಬಂತು. ಹಸಿರು ದೀಪ ಹತ್ತಿತು, ಕಾರು ಚಾರ್ಜ್ ಆಯಿತು, ದುಡ್ಡು ತಗೊಂಡು ಬಂದೆ.

ಮಾರ್ಚಿನಲ್ಲಿ ಫೋನು. ಕೆಂಪು ದೀಪ, ಚಾರ್ಜ್ ತಗೊಳ್ಳುತ್ತಿಲ್ಲ. ಅವರು ಮೊದಲು ಕಂಪನಿಗೇ ಹೇಳಿದ್ದರು. ಹುಬ್ಬಳ್ಳಿಯಿಂದ ಹುಡುಗ ಬಂದ, ಚಾರ್ಜರನ್ನೇ ಬದಲಿಸಿದ, ಬಂದು ಹೋದದ್ದಕ್ಕೆ ಮೂರೂವರೆ ಸಾವಿರ ಬಿಲ್ ಮಾಡಿದ. ಹೊಸದರಲ್ಲೂ ಕೆಂಪು ದೀಪ. ನಾನು ಹೋಗಿ ನೋಡಿದರೆ ನ್ಯೂಟ್ರಲ್ಲಿಗೂ ಅರ್ಥಿಗೂ ನಡುವೆ 18 ವೋಲ್ಟ್, ಅರ್ಥ್ ಸರಿ ಇಲ್ಲ ಅಂತ ಚಾರ್ಜರ್ ನಿಂತಿತ್ತು. ಟೆಸ್ಟರ್ 40 ದಾಟಿತು. ಮಳೆಗಾಲದಲ್ಲಿ ಎರಡಡಿ ಕೆಸರು ಅಳೆದು, ಅರ್ಥಿಂಗ್ ಚೆನ್ನಾಗಿದೆ ಅಂದುಕೊಂಡಿದ್ದೆ. ಆಗಸ್ಟಿನ ಅಳತೆ ನಮ್ಮ ಜಿಲ್ಲೆಯಲ್ಲಿ ಅಳತೆಯೇ ಅಲ್ಲ.

ಎರಡನೇ ಗುಂಡಿ ತೆಗೆಸಿದೆವು. ಚಿರೆಕಲ್ಲಿಗೆ ಜೆಸಿಬಿಯೇ ಬೇಕಾಯಿತು, ಒಂಬತ್ತು ಸಾವಿರ. 31 ಓಮ್. ಆಮೇಲೆ ಸುತ್ತ ತೇವ ಹಿಡಿಯುವ ಪುಡಿ ತುಂಬುವ ಕೆಮಿಕಲ್ ಅರ್ಥಿಂಗ್, ಹದಿನಾಲ್ಕು ಸಾವಿರ. ಒಂದು ವಾರ 9 ಇತ್ತು, ಸುತ್ತ ಸುರಿದ ನೀರು ಇಂಗಿದ ಮೇಲೆ 22. ಇಷ್ಟರಲ್ಲಿ ಮೇ ತಿಂಗಳ ಮೊದಲ ಸಿಡಿಲಿಗೆ ಚಾರ್ಜರಿನ ಬೋರ್ಡ್ ಸುಟ್ಟುಹೋಯಿತು. ಸರ್ಜ್ ಪ್ರೊಟೆಕ್ಟರ್ ಇತ್ತು, ಆದರೆ ಅರ್ಥಿಂಗೇ ಇಲ್ಲದ ಮೇಲೆ ಅದು ಸಿಡಿಲನ್ನು ಎಲ್ಲಿಗೆ ಕಳಿಸಬೇಕು? ಸಿಡಿಲಿಗೆ ವಾರಂಟಿ ಇಲ್ಲ ಅಂದರು. ಹೊಸ ಚಾರ್ಜರಿಗೆ 38 ಸಾವಿರ. ಅರ್ಧ ನಾನು ಕೊಟ್ಟೆ. ಆ ವರ್ಷದ ನನ್ನ ಲಾಭದಲ್ಲಿ ದೊಡ್ಡ ಪಾಲು ಆ ಒಂದು ಅಂಗಳದಲ್ಲಿ ಹೋಯಿತು.

ದಾರಿ ಸಿಕ್ಕಿದ್ದು ಕೈ ತೊಳೆಯಲು ಹೋದಾಗ. ಬಚ್ಚಲುಮನೆಯ ಹಿಂದೆ ಬಾಳೆ ಹಿಂಡು, ನಮ್ಮ ಕಡೆ ಎಲ್ಲ ಮನೆಯಲ್ಲೂ ಇರುವಂಥದ್ದು. ಹಂಡೆಯ ನೀರು, ಪಾತ್ರೆ ತೊಳೆದ ನೀರು, ಎಲ್ಲ ಅಲ್ಲಿಗೇ. ಕಾಲಿಟ್ಟರೆ ಹಿಮ್ಮಡಿ ಒಳಗೆ ಹೋಯಿತು. ಕಬ್ಬಿಣದ ಸಲಾಕೆ ಒತ್ತಿದೆ, ಸುತ್ತಿಗೆ ಇಲ್ಲದೆ ಎರಡಡಿ ಇಳಿಯಿತು. ಕಿತ್ತು ನೋಡಿದರೆ ತುದಿಗೆ ಕಪ್ಪು ಮಣ್ಣು ಅಂಟಿತ್ತು, ಜೊತೆಗೆ ಒಂದು ಎರೆಹುಳು. ಸುತ್ತಲಿನ ಗುಡ್ಡ ಒಣಗಿ ನಿಂತ ಹೊತ್ತಿನಲ್ಲಿ! ಟೆಸ್ಟರಿನ ಸಣ್ಣ ಮೊಳೆ ಊರಿ ಅಳೆದೆ, ಬರೀ ಮೊಳೆಗೇ 60 ಚಿಲ್ಲರೆ. ಅದೇ ಮೊಳೆ ಅಂಗಳದಲ್ಲಿ ಸಾವಿರ ದಾಟಿತು.

ಯಜಮಾನರ ತಾಯಿ ಬಚ್ಚಲ ಬಾಗಿಲಲ್ಲಿ ನಿಂತು, "ಬಾಳೆ ಬುಡಕ್ಕೆ ಕರೆಂಟು ಕೊಡ್ತೀಯೇನೋ ತಮಾ?" ಅಂದರು. ಅವರಿಗೆ ಬಿಡಿಸಿ ಹೇಳಿದೆ. ಹಿಂಡಿನ ಅಂಚಿನಲ್ಲಿ, ಯಾರೂ ಓಡಾಡದ ಕಡೆ, ಮೂರು ತಾಮ್ರ ಲೇಪದ ರಾಡು, ಒಂದೊಂದೂ 3 ಮೀಟರ್. ಒಂದಕ್ಕೂ ಇನ್ನೊಂದಕ್ಕೂ 3 ಮೀಟರಿಗಿಂತ ಜಾಸ್ತಿ ಅಂತರ. ಮೂರನ್ನೂ ಸೇರಿಸಿ, ಅಲ್ಲಿಂದ ಶೆಡ್ಡಿನವರೆಗೆ ಇನ್ಸುಲೇಶನ್ ಇರುವ ತಾಮ್ರದ ತಂತಿ, ಪೈಪಿನಲ್ಲಿ. ಮೇಲೆ ಮುಚ್ಚಳದ ಚೇಂಬರ್. ರಾಡಿನ ಸುತ್ತ ತುಂಬುವ ಬೆಂಟೊನೈಟ್ ಜೇಡಿಯ ಜೊತೆ ಇನ್ನೊಂದು ವಸ್ತು ಬೆರೆಸುತ್ತೇನೆ, ಅದೂ ಅದರ ಪ್ರಮಾಣವೂ ನನ್ನ ಹತ್ತಿರವೇ ಇರಲಿ, ಹೊಟ್ಟೆಪಾಡು. ಒಟ್ಟು 19 ಸಾವಿರದ ಹತ್ತಿರ ಆಯಿತು. ಮೊದಲೇ ಇದನ್ನೇ ಮಾಡಿದ್ದರೆ ಆ ಎರಡು ಗುಂಡಿಗಳ ಹಣವೂ ಆ ಬೋರ್ಡೂ ಉಳಿಯುತ್ತಿತ್ತು.

ಸೋಪಿನ ನೀರು ರಾಡನ್ನು ತಿಂದುಹಾಕುತ್ತದೆ ಅಂತ ಒಬ್ಬ ಹಿರಿಯರು ಹೇಳಿದ್ದರು. ಜಿಐ ಆಗಿದ್ದರೆ ಅವರ ಮಾತು ನಿಜ, ಹಾಗಾಗಿಯೇ ತಾಮ್ರ ಲೇಪದ್ದು ಹಾಕಿದ್ದು. ವರ್ಷ ಕಳೆದ ಮೇಲೆ ಅವರನ್ನೇ ಕರೆದುಕೊಂಡು ಹೋಗಿ ರಾಡಿನ ಕ್ಲ್ಯಾಂಪ್ ಬಿಚ್ಚಿ ತೋರಿಸಿದೆ. ಗ್ರೀಸಿನ ಒಳಗೆ ತಾಮ್ರ ಹೊಳೆಯುತ್ತಿತ್ತು. ಈಗ ಅವರೂ ಮೂರು ಮನೆಗೆ ಹೀಗೇ ಮಾಡಿದ್ದಾರೆ.

ಇದರ ಮಧ್ಯೆ ಅಡಿಕೆ ಸಿಪ್ಪೆಯನ್ನೂ ಪ್ರಯೋಗ ಮಾಡಿದೆ. ತೇವ ಹಿಡಿದಿಡುತ್ತದಲ್ವಾ ಅಂತ ನಮ್ಮ ಮನೆಯ ಗುಂಡಿಗೆ ಇದ್ದಿಲಿನ ಬದಲು ತುಂಬಿದೆ. ಆರು ತಿಂಗಳು ಚೆನ್ನಾಗಿತ್ತು. ಆಮೇಲೆ ಗೆದ್ದಲು ಹಿಡಿದು, ಒಳಗೆ ಪೊಳ್ಳಾಗಿ, ಪೈಪಿನ ಸುತ್ತ ಬರೀ ಗಾಳಿ. ತೆಂಗಿನ ನಾರು ಸ್ವಲ್ಪ ಹೆಚ್ಚು ಬಾಳಿತು, ಅಷ್ಟೇ. ಯಾರೂ ಮಾಡಬೇಡಿ.

ತೋಟದ ಪಂಪಿನ ಲೈನಿನಿಂದಲೇ ಕಾರಿಗೆ ಕೊಡು ಅನ್ನುವವರೂ ಇದ್ದಾರೆ. 10 ಎಚ್‌ಪಿವರೆಗೆ ಪಂಪಿಗೆ ಕರೆಂಟು ಉಚಿತ ಇರುವುದು ನೀರೆತ್ತಲಿಕ್ಕೆ. ನಾನು ಮುಟ್ಟುವುದಿಲ್ಲ, ಎಷ್ಟು ಪರಿಚಯದವರಾದರೂ.

ಕರೆಂಟು ಸೋರಿದರೆ ತಕ್ಷಣ ಲೈನ್ ಕಡಿಯುವ ಆರ್‌ಸಿಸಿಬಿ ವಿಷಯದಲ್ಲಿ ಉಳಿತಾಯ ಬೇಡ. ಮನೆಗೆ ಹಾಕುವ ಎಸಿ ಟೈಪ್ ಕಾರಿಗೆ ಸಾಲದು, ಕನಿಷ್ಠ ಎ ಟೈಪ್ ಬೇಕು. ಅದರಲ್ಲೂ ಚಾರ್ಜರಿನ ಒಳಗೇ ಡಿಸಿ ಲೀಕೇಜ್ ನೋಡುವ ವ್ಯವಸ್ಥೆ ಇದೆಯಾ ಅಂತ ಮೊದಲು ನೋಡಿಕೊಳ್ಳಿ. ಸಾವಿರ, ಸಾವಿರದ ಐನೂರು ಜಾಸ್ತಿ ಆಗುತ್ತದೆ. ಎಸ್ಟಿಮೇಟಿನಲ್ಲಿ ಮೊದಲೇ ಬರೆಯಿರಿ, ಆಮೇಲೆ ಕೇಳಿದರೆ ಯಾರೂ ಕೊಡುವುದಿಲ್ಲ.

ಮನೆಗಿಂತ ಲಾಡ್ಜಿನ ಲೆಕ್ಕ ದೊಡ್ಡದು. ಗೋಕರ್ಣದಲ್ಲಿ ಹನ್ನೆರಡು ರೂಮಿನ ಒಂದು ಲಾಡ್ಜ್, ಮಾಲೀಕರಿಗೆ 7.4 ಕಿಲೋವ್ಯಾಟಿನ ಎರಡು ಚಾರ್ಜರ್ ಬೇಕಿತ್ತು. ಬೆಂಗಳೂರಿನಿಂದ ಬರುವವರು ರೂಮು ಬುಕ್ ಮಾಡುವ ಮೊದಲೇ ಚಾರ್ಜಿಂಗ್ ಇದೆಯಾ ಕೇಳುತ್ತಾರಂತೆ. ಮಂಜೂರಾದ ಲೋಡ್ 15 ಕಿಲೋವ್ಯಾಟ್. ನಾನು ಎರಡು ಸಂಜೆ ಕರೆಂಟು ಅಳೆಯುವ ಕ್ಲ್ಯಾಂಪ್ ಮೀಟರ್ ಹಿಡಿದು ಕೂತೆ. ಏಳರಿಂದ ಹತ್ತರವರೆಗೆ ಗೀಸರ್, ಎಸಿ ಸೇರಿ 13, 14. ಅದರ ಮೇಲೆ ಇವೆರಡು ಸೇರಿದರೆ ಲೋಡ್ ಜಾಸ್ತಿ ಮಾಡಿಸಬೇಕು, ಡಿಪಾಸಿಟ್ ಕಟ್ಟಬೇಕು, ಸರ್ವಿಸ್ ಕೇಬಲ್ ಬದಲಿಸಬೇಕು. ಆ ಬೀದಿಯ ಟ್ರಾನ್ಸ್‌ಫಾರ್ಮರ್ ಆಗಲೇ ತುಂಬಿತ್ತು. ಇನ್ನೊಬ್ಬರು ಎಲ್ಲ ಸೇರಿ ಎರಡೂವರೆ ಲಕ್ಷದ ಮೇಲೆ ಹೇಳಿದ್ದರು.

ನಾನು ಲೋಡ್ ಮುಟ್ಟಲೇ ಇಲ್ಲ. ಎರಡೂ ಚಾರ್ಜರನ್ನು ಒಳಗಿನ ಸ್ವಿಚ್ಚಿನಲ್ಲಿ 16 ಆಂಪಿಗೆ ಇಳಿಸಿದೆ, ಟೈಮರ್ ಮತ್ತು ಅದು ಹೇಳಿದ ಹೊತ್ತಿಗೆ ಲೈನ್ ಜೋಡಿಸಿ ಕಡಿಯುವ ಕಾಂಟ್ಯಾಕ್ಟರ್ ಹಾಕಿ ರಾತ್ರಿ ಹನ್ನೊಂದರಿಂದ ಬೆಳಿಗ್ಗೆ ಆರರವರೆಗೆ ಮಾತ್ರ ಬಿಟ್ಟೆ. ಏಳು ಗಂಟೆಗೆ ಒಂದು ಕಾರಿಗೆ 25 ಯೂನಿಟ್. ಯಾಣ, ಮುರ್ಡೇಶ್ವರ ಸುತ್ತಿ ಬರುವವರಿಗೆ ಧಾರಾಳ. ಚಾರ್ಜರ್ ಸೇರಿ ಒಂದು ಲಕ್ಷದೊಳಗೆ ಮುಗಿಯಿತು. ಸಣ್ಣ ತೊಂದರೆ ಬಂದದ್ದು ಒಂದೇ. ಸಂಜೆ ಪ್ಲಗ್ ಹಾಕಿದವರು ಚಾರ್ಜ್ ಆಗುತ್ತಿಲ್ಲ ಅಂತ ರಿಸೆಪ್ಶನ್ನಿಗೆ ಬಂದು ಜಗಳ. ದೊಡ್ಡ ಅಕ್ಷರದಲ್ಲಿ ಹೊತ್ತು ಬರೆದ ಬೋರ್ಡ್ ಹಾಕಿಸಿದ ಮೇಲೆ ನಿಂತಿತು. ಬೋರ್ಡಿಗೆ ಎಂಟುನೂರು.

ಕಾರವಾರದಲ್ಲಿ ಕಡಲ ಬದಿಯ ಮನೆಗೆ ತಗಡಿನ ಡಬ್ಬ ಹಾಕಿದ್ದೆ, ಎರಡು ಮಳೆಗಾಲಕ್ಕೆ ತಿರುಪು ಕೈಗೆ ಪುಡಿಯಾಗಿ ಬಂತು. ಈಗ ಧೂಳು, ನೀರು ಒಳಗೆ ಹೋಗದ ಐಪಿ65 ಪ್ಲಾಸ್ಟಿಕ್ ಡಬ್ಬ, ಸ್ಟೀಲ್ ತಿರುಪು, ಕೇಬಲ್ ಯಾವಾಗಲೂ ಕೆಳಗಿನಿಂದ ಒಳಗೆ. ಬಿಸಿಲಿನಲ್ಲಿರುವ ಮುಚ್ಚಿದ ಡಬ್ಬದಲ್ಲಿ 32 ಆಂಪಿನ ಎಂಸಿಬಿ ಮಧ್ಯಾಹ್ನ ಟ್ರಿಪ್ ಆಗುತ್ತದೆ, ಕೇಬಲ್ ತಡೆಯುವುದಾದರೆ 40 ಹಾಕಿ.

ಈಗ ನಾನು ಮೊದಲ ದಿನ ಬರೀ ನೋಡಲಿಕ್ಕೆ ಹೋಗುತ್ತೇನೆ, ಅದಕ್ಕೆ 1,500 ತಗೊಳ್ಳುತ್ತೇನೆ. ಸುಮ್ನೆ ನೋಡಿ ಹೋಗಲು ದುಡ್ಡಾ ಅಂತ ಶುರುವಿಗೆ ಎಲ್ಲರೂ ಕೇಳಿದರು. ದೂರ, ಸಂಜೆಯ ವೋಲ್ಟೇಜ್, ಅರ್ಥ್, ಹಳೆ ಸರ್ವಿಸ್ ವೈರ್, ಎಲ್ಲ ಬರೆದುಕೊಟ್ಟ ಮೇಲೆ ಹೇಳಿದ ಹಣಕ್ಕಿಂತ ಎರಡು ಮೂರು ಸಾವಿರ ಆಚೀಚೆ ಆಗಿದ್ದೇ ಹೆಚ್ಚು. ಮಳೆಗಾಲದಲ್ಲಿ ಕರೆದರೆ ಅರ್ಥಿನ ಲೆಕ್ಕ ಮಾರ್ಚಿಗೆ ಇನ್ನೊಮ್ಮೆ ನೋಡುತ್ತೇನೆ ಅಂತ ಅದರಲ್ಲೇ ಬರೆಯುತ್ತೇನೆ, ಆ ಭೇಟಿಗೆ ಹಣ ಇಲ್ಲ.

ಬರುವ ವಾರ ಅಂಕೋಲಾದಲ್ಲಿ ಒಂದು ಮನೆ ಇದೆ. ಫೋಟೋ ಕಳಿಸಿದ್ದಾರೆ. ಅಂಗಳ ಪೂರ್ತಿ ಇಂಟರ್‌ಲಾಕ್, ಬಚ್ಚಲ ನೀರು ಗುಂಡಿಗೆ ಹೋಗುತ್ತದೆ, ಬಾಳೆ ಇಲ್ಲ. ಬಾವಿಕಟ್ಟೆಯ ಪಕ್ಕ ಮಾತ್ರ ಹಸಿರು ಹುಲ್ಲು ಕಾಣುತ್ತಿದೆ. ಮೊದಲ ಮೊಳೆ ಅಲ್ಲಿ ಊರಿ ನೋಡುತ್ತೇನೆ.